ಯೂನಿಫಾರ್ಮ್ ನಮ್ಮ ಗೇಟ್ ದಾಟಿದ ಮ್ಯಾಲಿನ ಕಥಿ

ಬೆಳಗಾವಿ ಉದ್ಯಮಬಾಗ ಕಡೆ ಒಂದು ಸಣ್ಣ ವರ್ಕ್‌ವೇರ್ ಯೂನಿಟ್‌ನ್ಯಾಗ ಸ್ಯಾಂಪಲ್ ಮತ್ತ ಕ್ವಾಲಿಟಿ ನೋಡ್ಕೋತೀನಿ. ಫೌಂಡ್ರಿ, ಮಶೀನ್ ಶಾಪ್, ಸಕ್ಕರಿ ಫ್ಯಾಕ್ಟರಿ ಮಂದಿ ಹಾಕ್ಕೊಳ್ಳೋ ಪ್ಯಾಂಟ್-ಶರ್ಟ್, ಬಾಯ್ಲರ್ ಸೂಟ್, ಏಪ್ರನ್ ಇಷ್ಟ ನಮ್ಮ ಮಾಲು. ಈಗೀಗ ಎಲ್ಲಾ ಪಾರ್ಟಿಯವರೂ ಮೊದಲ ಮೀಟಿಂಗ್‌ನ್ಯಾಗ "ಸಸ್ಟೇನೇಬಲ್ ಏನೈತ್ರಿ ನಿಮ್ಮ ಕಡೆ", ಅಂದ್ರ ಪರಿಸರಕ್ಕ, ದುಡಿಯೋ ಮಂದಿಗೆ ಹಾನಿ ಆಗದಂಗ ಏನ ಮಾಡ್ತೀರಿ ಅಂತ ಕೇಳತಾರ, ಚಾ ಬರೂದ್ರಾಗ "ರೇಟ್ ಎಷ್ಟ ಇಳಸ್ತೀರಿ" ಅಂತಾರ. ಎರಡೂ ಪ್ರಶ್ನೆ ಒಬ್ಬರ ಬಾಯಿಂದನ ಬರತಾವು, ಅದರಾಗ ತಪ್ಪೇನಿಲ್ಲ ಬಿಡ್ರಿ, ಆದ್ರ ಉತ್ತರ ಸರ್ಟಿಫಿಕೇಟ್ ಫೈಲಿನ್ಯಾಗ ಸಿಗೂದಿಲ್ಲ.

ನಾನು ಹೊಸಾ ಆರ್ಡರ್ ಬಂದ್ರ ಮೊದಲ ಕೇಳೂದು ಅವರ ಹಳೇ ಹರದ ಯೂನಿಫಾರ್ಮ್. ಒಂದು ಚೀಲ ತುಂಬಿ ಕಳಸ್ರಿ ಅಂತೀನಿ, ತೊಳೀಲಿಲ್ಲ ಅಂದ್ರೂ ನಡೀತೈತಿ. ಅದನ್ನ ಟೇಬಲ್ ಮ್ಯಾಲ ಹರವಿ ನೋಡಿದ್ರ ಗೊತ್ತಾಗತೈತಿ, ಬಟ್ಟೆ ಬಹುತೇಕ ಗಟ್ಟಿನ ಇರತೈತಿ, ಹೋಗಿದ್ದು ತೊಡೆಸಂದಿ ಹೊಲಿಗಿ, ಕಿಸೆದ ಮೂಲಿ, ಝಿಪ್, ಮೊಣಕಾಲು. ಚಲೋ ಡ್ರಿಲ್ ಬಟ್ಟೆ ಪ್ಯಾಂಟ್ ಒಂದು ಅಗ್ಗದ ಝಿಪ್ ಸಲುವಾಗಿ ಮೂಲಿ ಸೇರಿರತೈತಿ. ಅದಕ್ಕ ನಾವು ಒಳಗಾಲಿನ ಹೊಲಿಗಿ ಡಬಲ್ ಚೈನ್ ಸ್ಟಿಚ್ ಮಾಡಿ, ಕಿಸೆ ಮೂಲಿಗೆ ಬಾರ್‌ಟ್ಯಾಕ್, ಅಂದ್ರ ಒತ್ತಾಗಿ ಹೊಲದ ಗಟ್ಟಿ ಟಾಕಿ ಹಾಕಿ, ಝಿಪ್ ಹಿತ್ತಾಳಿದು ಕೊಟ್ಟು, ಮೊಣಕಾಲಿಗೆ ಎರಡು ಪದರ ಇಡತೀವಿ, ಮತ್ತ ಕಟಿಂಗ್‌ನ್ಯಾಗ ಉಳದ ಚಿಂದಿ ಒಳಗ ದೊಡ್ಡ ತುಂಡು ಆರಿಸಿ ಪ್ರತಿ ಪ್ಯಾಂಟಿನ ಜೋಡಿ ಎರಡು ಪ್ಯಾಚ್ ಕೊಡತೀವಿ, ಬಣ್ಣಾ ಅದ ಲಾಟಿಂದು ಆಗಿರೂದ್ರಿಂದ ತೇಪಿ ಹಾಕಿದ್ದು ಕಾಣೂದ ಇಲ್ಲ. ಕಟಿಂಗ್ ಮಾಸ್ತರು ಮಾರ್ಕರ್, ಅಂದ್ರ ಬಟ್ಟೆ ಮ್ಯಾಲ ತುಂಡು ಜೋಡಿಸೋ ನಕಾಶಿ, ಎಷ್ಟ ಬಿಗಿ ಹಾಕಿದ್ರೂ ನೂರಕ್ಕ ಹತ್ತು-ಹದಿನೈದು ಭಾಗ ಬಟ್ಟೆ ಚಿಂದಿ ಆಗೂದು ಈ ಧಂದೆದಾಗ ಸಾಮಾನ್ಯ.

ಒಂದ ಜೋಡಿ ಎರಡರಷ್ಟು ದಿನ ಬಾಳಿಕಿ ಬಂದ್ರ ಏನಾಗತೈತಿ ಅಂತ ಲೆಕ್ಕ ಹಾಕ್ರಿ. ಜಗತ್ತಿನ ಸರಾಸರಿ ಹಿಡದ್ರ ಒಂದು ಕಿಲೋ ಹತ್ತಿ ಬಟ್ಟೆಗೆ ಸುಮಾರು 10,000 ಲೀಟರ್ ನೀರು, ಅದರಾಗ ಮಳಿ ನೀರೂ ಸೇರೇತಿ. ಬೈಲಹೊಂಗಲ, ಸವದತ್ತಿ ಕಡೆ ಎರಿ ಹೊಲದಾಗ ಮಳಿ ನಂಬಿ ಹತ್ತಿ ಬೆಳೆಯೋ ಮಂದಿಗೆ ಈ ನಂಬರ್ ಬಿಡಿಸಿ ಹೇಳೂದು ಬ್ಯಾಡ. ಬಟ್ಟೆ ಹಿಂದ ಇಷ್ಟೆಲ್ಲಾ ಹೋಗಿರೂವಾಗ ಝಿಪ್ಪಿನ್ಯಾಗ ಉಳಿಸಿದ ನಾಕು ರೂಪಾಯಿ ನನಗ ಉಳಿತಾಯ ಅನ್ಸೂದಿಲ್ಲ.

ಬಣ್ಣದ ವಿಷಯ ಬ್ಯಾರೆ. ಅದು ನಮ್ಮಲ್ಲಿ ಆಗೂದಿಲ್ಲ, ಥಾನ್ ಬಣ್ಣ ಆಗಿ ಬರತೈತಿ. ಬಣ್ಣದ ಹೊಲಸ ನೀರಿಂದ ತಮಿಳುನಾಡಿನ ನೊಯ್ಯಲ್ ನದಿ ಕೆಟ್ಟು 2011ರಾಗ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಡೈಯಿಂಗ್ (ಬಣ್ಣ ಹಾಕೋ) ಯೂನಿಟ್‌ಗಳನ್ನ ಬಂದ್ ಮಾಡ್ಸಿದ್ದು ನೆನಪಿದ್ದವರಿಗೆ ಅದರ ಬೆಲಿ ಗೊತ್ತು. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಚೀಟಿ ತೋರ್ಸಿದ ಕೂಡ್ಲೇ ಕೆಲವರು ಎಲ್ಲಾ ಮುಗೀತು ಅಂತಾರ, ಆದ್ರ ಅದು ಬಟ್ಟೆದಾಗ ಮೈಗೆ ಹಾನಿ ಆಗೋ ಕೆಮಿಕಲ್ ಎಷ್ಟ ಐತಿ ಅಂತ ಟೆಸ್ಟ್ ಮಾಡೂದು, ನೀರು ಎಲ್ಲಿ ಬಿಟ್ರು, ಪಗಾರ ಎಷ್ಟ ಕೊಟ್ರು ಅನ್ನೂದು ಅದರಾಗ ಬರೂದಿಲ್ಲ.

ಇನ್ನ ಫೌಂಡ್ರಿ ಬಟ್ಟೆಗೆ ಬರ್ರಿ, ನಾನು ಭಾಳ ಕಲತಿದ್ದು ಅಲ್ಲೇ. ಬಾಳಿಕಿ ಅಂತ ಹೋದ್ರ ಪಾಲಿಯೆಸ್ಟರ್ ಕೂಡಿಸಿದ ಟಿಸಿ ಬಟ್ಟೆನ ಮುಂದ, ಆದ್ರ ಪಾಲಿಯೆಸ್ಟರ್ 250-260 ಡಿಗ್ರಿಗೆ ಕರಗಿ ಚರ್ಮಕ್ಕ ಅಂಟತೈತಿ, ಕಬ್ಬಿಣ ಸುರಿಯೋ ಕಡೆ 1,300 ಡಿಗ್ರಿ ಮ್ಯಾಲ ಇರತೈತಿ. ಅಲ್ಲಿ ಬೆಂಕಿ ತಡೆಯೋ ಕೆಮಿಕಲ್ ಫಿನಿಶ್ ಕೊಟ್ಟ ಕಾಟನ್ ಬೇಕು, ಬೆಂಕಿ-ಕಾವಿನಿಂದ ಕಾಯೋ ಬಟ್ಟೆಗಿರೋ ಅಂತಾರಾಷ್ಟ್ರೀಯ ಮಾನದಂಡ ಐಎಸ್ಒ 11612ರ ಲೇಬಲ್ ಮ್ಯಾಲ ಡಿ ಅಂದ್ರ ಕರಗಿದ ಅಲ್ಯುಮಿನಿಯಂ, ಇ ಅಂದ್ರ ಕರಗಿದ ಕಬ್ಬಿಣ, ಕಬ್ಬಿಣ ಫೌಂಡ್ರಿಯವರು ಇ ನೋಡ್ಬೇಕು. ಇಷ್ಟೆಲ್ಲಾ ನೋಡಿ ತುಟ್ಟಿ ಬಟ್ಟೆ ಕೊಟ್ರೂ ಅದು ಮನೀಗೆ ಹೋಗಿ ಬೋರ್‌ವೆಲ್ ಗಡಸ ನೀರಾಗ, ಬಾರ್ ಸೋಪ್ ಹಚ್ಚಿ, ಕಲಿಗೆ ಬ್ಲೀಚಿಂಗ್ ಪುಡಿ ಹಾಕಿ ಒಗೀತಾರ. ಗಡಸ ನೀರಾಗ ಸೋಪಿನ ಕಿಟ್ಟ ಬಟ್ಟೆದಾಗ ಕೂತು, ಕಿಡಿ ತಗುಲಿದ್ರ ಆ ಕಿಟ್ಟನ ಹೊತ್ತಿ ಉರಿಯಾಕ ಸುರು ಆಗತೈತಿ, ಬ್ಲೀಚ್ ಆ ಫಿನಿಶ್ಶನ್ನ ತಿಂತೈತಿ. ನೋಡಾಕ ಬಟ್ಟೆ ಹಂಗ ಇರತೈತಿ, ಒಳಗಿನ ಕಾವಲು ಹೋಗಿರತೈತಿ. ಬ್ಲೀಚ್ ಇಲ್ಲದ ಡಿಟರ್ಜೆಂಟ್ ಪುಡಿ ಆದ್ರ ಚಿಂತಿಲ್ಲ, ಸೋಪು, ಬ್ಲೀಚ್ ಬ್ಯಾಡ ಅಷ್ಟ.

ಇದನ್ನ ಫೌಂಡ್ರಿದಾಗ ಅಚ್ಚು ಮಾಡೋ ಒಬ್ಬ ಮೋಲ್ಡರ್ ಮನ್ಯಾಗ ಹೇಳಾಕ ಹೋದ್ರ ಅವರ ಮನಿಯವರು ಅಂದ್ರು, "ನೀವ ಹಚ್ಚಿದ ಚೀಟಿ ಇಂಗ್ಲಿಷ್‌ನ್ಯಾಗ ಐತಿ, ಅದೂ ಸೊಂಟಕ್ಕ ಚುಚ್ಚತೈತಿ ಅಂತ ಕತ್ತರಿಸಿ ಒಗದೀನಿ ನೋಡ್ರಿ ಅಣ್ಣಾರ." ಈಗ ನಮ್ಮ ಲೇಬಲ್ ಕನ್ನಡ, ಮರಾಠಿ ಎರಡರಾಗೂ ಕಿಸೆ ಒಳಮೈಗೆ ಪ್ರಿಂಟ್ ಆಗಿ ಬರತೈತಿ, ಕತ್ತರಿಸಾಕ ಬರೂದಿಲ್ಲ. ಒಗಿಯೋ ಕೈ ಯಾರ್ದು ಅಂತ ಕೇಳದ ಲೇಬಲ್ ಬರದ್ರ ಅದು ಆಡಿಟರ್ ಸಲುವಾಗಿ ಬರದಂಗ.

ಓವರ್‌ಟೈಮ್ ಬಗ್ಗೆ ಎರಡ ಮಾತು. ಕಾನೂನು ಡಬಲ್ ರೇಟ್ ಕೊಡ್ರಿ ಅಂತೈತಿ, ಕೊಡಬೇಕು ಖರೇ, ಆದ್ರ ನಮ್ಮಲ್ಲಿ ಹೊಲಿಯೋ ಅಕ್ಕಾರಿಗೆ ಸಂಜಿ ಏಳರ ಮ್ಯಾಲ ಕುಂಡ್ರೂದ ಬ್ಯಾಡಾಗಿರತೈತಿ, ಮನ್ಯಾಗ ರೊಟ್ಟಿ ಬಡ್ಯಾಕ ಯಾರದಾರ? ಓವರ್‌ಟೈಮ್ ಹುಟ್ಟೂದು ನಮ್ಮ ಲೈನಿನ್ಯಾಗಲ್ಲ, ಪಾರ್ಟಿ ಸೈಝ್ ಲಿಸ್ಟ್ ಕೊನೀ ಕ್ಷಣಕ್ಕ ಬದಲ್ಸಿ ಡೆಲಿವರಿ ತಾರೀಖು ಮಾತ್ರ ಹಂಗ ಇಟ್ಟಾಗ. ಅದಕ್ಕ ಸೈಝ್ ಲಿಸ್ಟ್ ಸಹಿ ಆಗದ ಥಾನ್ ಬಿಚ್ಚೂದಿಲ್ಲ ಅಂತ ಕೊಟೇಶನ್ನಿನ್ಯಾಗನ ಬರೀತೀವಿ.

ಇನ್ನೊಂದು ತಲಿನೋವು ಲೋಗೊ. ಎದಿ ಮ್ಯಾಲ ಎಂಬ್ರಾಯ್ಡರಿ ಆದ ಶರ್ಟ್ ಕಂಪನಿ ಬಣ್ಣ ಬದಲ್ಸಿದ ದಿನಾನ ರದ್ದಿ, ಎಷ್ಟ ಚಲೋ ಇದ್ರೂ ಬ್ಯಾರೆಯವರಿಗೆ ಕೊಡಾಕ ಬರೂದಿಲ್ಲ, ಯಾಕಂದ್ರ ಹಳೇ ಯೂನಿಫಾರ್ಮ್ ಹಾಕ್ಕೊಂಡು ಯಾರರೆ ಗೇಟಿನ್ಯಾಗ ಹೊಕ್ಕಾರು ಅಂತ ಸೆಕ್ಯೂರಿಟಿಯವರ ಹೆದರಿಕಿ, ಅದೂ ಸುಳ್ಳಲ್ಲ. ಆಮ್ಯಾಲ ಅವನ್ನ ಹರದು ಎಣ್ಣಿ ಒರಸಾಕ ಕೊಡತಾರ, ಎಣ್ಣಿ ಮೆತ್ತಿದ ಅರಿವಿ 2016ರ ನಿಯಮದಾಗ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರತೈತಿ, ಅದನ್ನ ವಿಲೇವಾರಿ ಮಾಡಾಕ ಮತ್ತ ಬ್ಯಾರೆ ಖರ್ಚು. ಈಗ ಒಪ್ಪಿದ ಪಾರ್ಟಿಗೆ ಲೋಗೊ ಬ್ಯಾರೆ ತುಂಡಿನ ಮ್ಯಾಲ ಹಾಕಿ ಅದನ್ನ ಸುತ್ತ ಒಂದ ದಾರದ ಚೈನ್ ಸ್ಟಿಚ್‌ನ್ಯಾಗ ಹಚ್ಚತೀವಿ, ಒಗದಾಗ ಬಿಚ್ಚದಂಗ ಕೊನಿ ಗಂಟು ಗಟ್ಟಿ ಹಾಕತೀವಿ. ಬೇಕಾದಾಗ ಆ ಗಂಟು ಕತ್ತರಿಸಿ ಬರೋಬ್ಬರಿ ತುದಿ ಹಿಡದ ಎಳದ್ರ ಸರ್ರ್ ಅಂತ ಪೂರಾ ಬಿಚ್ಚಿ ಬರತೈತಿ, ಲೋಗೊ ಸ್ಟೋರಿಗೆ ವಾಪಸ್, ಶರ್ಟ್ ಇನ್ನೊಬ್ಬರ ಮೈಗೆ.