ಮೂವತ್ತು ಹಲ್ಲಿನ ಲೆಕ್ಕ

ಹಿಂದಿನ ವರ್ಷ ಜೂನ್ ತಿಂಗಳ ಕೊನೆಯ ವಾರದಲ್ಲಿ ಒಂದು ಬೆಳಿಗ್ಗೆ, ಚಿಕ್ಕಮಗಳೂರಿನಿಂದ ಕೈಮರದ ಕಡೆಗೆ ಹೋಗುವ ಡಾಂಬರು ರಸ್ತೆಯನ್ನು ಬಿಟ್ಟು ಕಾಫಿ ತೋಟಗಳ ನಡುವಿನ ಮಣ್ಣು ದಾರಿಯ ಏರನ್ನು ನನ್ನ ಮೌಂಟನ್ ಬೈಕಿನಲ್ಲಿ ಹತ್ತುತ್ತಿದ್ದೆ. ಏರು ಕಡಿದಾದ ಕಡೆ, ಪೆಡಲಿನ ಬಳಿ ಇರುವ ಮುಂದಿನ ಮೂರು ಚೈನ್‌ವೀಲ್‌ಗಳ (ಹಲ್ಲಿನ ಚಕ್ರಗಳ) ಪೈಕಿ ನಡುವಿನದರಿಂದ ಚಿಕ್ಕದಕ್ಕೆ ಗೇರ್ ಇಳಿಸಿದೆ. ಚೈನ್ ಇಳಿಯಿತು, ಆದರೆ ಕೆಳಭಾಗದಲ್ಲಿ ಹಲ್ಲುಗಳಿಂದ ಬಿಡಿಸಿಕೊಳ್ಳುವ ಬದಲು ಅವುಗಳಿಗೆ ಅಂಟಿಕೊಂಡೇ ಸುತ್ತಿ ಮೇಲೆ ಬಂದು, ಚೈನ್‌ವೀಲ್‌ಗೂ ಫ್ರೇಮಿನ ಹಿಂಭಾಗದ ಕೊಳವೆಗೂ ನಡುವೆ ಬಿಗಿಯಾಗಿ ಸಿಕ್ಕಿಹಾಕಿಕೊಂಡಿತು. ಪೆಡಲ್ ನಿಂತಲ್ಲೇ ನಿಂತಿತು, ನಾನು ಸೈಕಲ್ ಸಮೇತ ಬಲಕ್ಕೆ ಬಿದ್ದೆ. ಮೊಣಕೈ ತರಚಿದ್ದು ಬಿಟ್ಟರೆ ಪೆಟ್ಟೇನೂ ಆಗಲಿಲ್ಲ. ಸಿಕ್ಕಿಕೊಂಡ ಚೈನನ್ನು ಕೆಸರಿನ ನಡುವೆ ಎಳೆದು ಬಿಡಿಸಲು ಇಪ್ಪತ್ತು ನಿಮಿಷ ಬೇಕಾಯಿತು. ಅಷ್ಟರಲ್ಲಿ ಎರಡೂ ಕಾಲಿಗೆ ಇಂಬಳ ಹತ್ತಿದ್ದವು.

ಆ ಮಳೆಗಾಲದಲ್ಲಿ ಇದು ಮೂರನೆಯ ಸಲ. ಕಾರಣ ತಿಳಿಯದ ವಿಷಯವೇನಲ್ಲ. ನಾವು ತುಳಿಯುವ ಬಲವನ್ನು ಹಿಂದಿನ ಚಕ್ರಕ್ಕೆ ಸಾಗಿಸುವುದು ಚೈನಿನ ಮೇಲಿನ ಅರ್ಧ. ಕೆಳಗಿನ ಅರ್ಧ ಸಡಿಲವಾಗಿ ಹಿಂದಿರುಗುತ್ತಿರುತ್ತದೆ. ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನಕ್ಕೆ ಡಿರೈಲರ್ ಎನ್ನುತ್ತಾರೆ. ಹಿಂದಿನ ಡಿರೈಲರ್ ಈ ಸಡಿಲ ಭಾಗವನ್ನು ಪಕ್ಕಕ್ಕೆ ಸರಿಸುವುದರಿಂದ ಅದರ ಕೆಲಸ ಹಗುರ. ಮುಂದಿನ ಡಿರೈಲರ್ ಮಾತ್ರ ಬಿಗಿದು ನಿಂತ ಮೇಲಿನ ಅರ್ಧವನ್ನೇ ಎರಡು ತಗಡುಗಳ ನಡುವೆ ಹಿಡಿದು ತಳ್ಳಬೇಕು. ಏರಿನ ನಡುವೆ, ಇಡೀ ಮೈಭಾರ ಪೆಡಲಿನ ಮೇಲಿರುವಾಗ, ಮಲೆನಾಡಿನ ಅಂಟು ಮಣ್ಣು ಆ ತಗಡುಗಳ ನಡುವೆ ಮೆತ್ತಿಕೊಂಡಿರುವಾಗ, ಹಲ್ಲುಗಳೂ ಸ್ವಲ್ಪ ಸವೆದಿರುವಾಗ ಅದು ಕೈಕೊಡುವುದು ಸಹಜ. ಚಿಕ್ಕ ಗೇರ್ ನಮಗೆ ಬೇಕಾಗುವುದು ಕೂಡ ಸರಿಯಾಗಿ ಅದೇ ಗಳಿಗೆಯಲ್ಲಿ.

ಮುಂದೆ ಒಂದೇ ಚೈನ್‌ವೀಲ್ ಇಟ್ಟುಕೊಳ್ಳುವ ಪದ್ಧತಿ ಈಗ ಮೌಂಟನ್ ಬೈಕುಗಳಲ್ಲಿ ಹೊಸದಲ್ಲ. 2012ರಲ್ಲಿ ಸ್ರಾಮ್ ಕಂಪನಿ ಎಕ್ಸ್‌ಎಕ್ಸ್1 ಎಂಬ ಹನ್ನೊಂದು ಗೇರಿನ ಸೆಟ್ಟನ್ನು ಹೊರತಂದ ಮೇಲೆ ಅದು ವೇಗವಾಗಿ ಹರಡಿತು. ಇಂದು ಸ್ವಲ್ಪ ಬೆಲೆಬಾಳುವ ಯಾವ ಮೌಂಟನ್ ಬೈಕಿಗೂ ಮುಂದೆ ಎರಡನೆಯ ಚೈನ್‌ವೀಲ್ ಇರುವುದು ಅಪರೂಪ. ನನ್ನದು ಅದಕ್ಕೂ ಹಿಂದಿನ ವಿನ್ಯಾಸದ, ಮುಂದೆ 42, 32, 22 ಹಲ್ಲುಗಳ ಮೂರು ಚೈನ್‌ವೀಲ್ ಮತ್ತು ಹಿಂದೆ 11ರಿಂದ 34 ಹಲ್ಲಿನವರೆಗಿನ ಒಂಬತ್ತು ಬಿಲ್ಲೆಗಳ ಗೊಂಚಲು, ಅಂದರೆ ಕ್ಯಾಸೆಟ್, ಇದ್ದ, 27.5 ಇಂಚಿನ ಚಕ್ರದ ಸೈಕಲ್. ಹೆಸರಿಗೆ ಇಪ್ಪತ್ತೇಳು ಗೇರ್. ಒಂದು ಸಂಜೆ ಕಾಗದದ ಮೇಲೆ ಮುಂದಿನ ಹಲ್ಲುಗಳ ಸಂಖ್ಯೆಯನ್ನು ಹಿಂದಿನವುಗಳ ಸಂಖ್ಯೆಯಿಂದ ಭಾಗಿಸಿ ನೋಡಿದಾಗ, 42ನ್ನು 26ರೊಂದಿಗೆ ತುಳಿದರೂ 32ನ್ನು 20ರೊಂದಿಗೆ ತುಳಿದರೂ ಅನುಪಾತ ಸುಮಾರು 1.6 ಎಂದೇ ಬಂದಿತು. 42ಕ್ಕೆ 30 ಮತ್ತು 32ಕ್ಕೆ 23 ಎರಡೂ 1.4. ಹೀಗೆ ಒಂದರ ಮೇಲೊಂದು ಬೀಳುವವನ್ನು ತೆಗೆದರೆ ನಿಜವಾಗಿ ಬೇರೆಬೇರೆಯಾಗಿ ಉಳಿಯುವ ಗೇರುಗಳು ಇಪ್ಪತ್ತೇಳರಲ್ಲಿ ಸುಮಾರು ಅರ್ಧ ಮಾತ್ರ. ಆಮೇಲಿನ ಒಂದು ತಿಂಗಳು ಪ್ರತಿ ಸವಾರಿಯಲ್ಲೂ ಗಮನಿಸಿದೆ: ದೊಡ್ಡ ಚೈನ್‌ವೀಲ್ ನನಗೆ ಬೇಕಾದದ್ದು ಕಡೂರು ರಸ್ತೆಯ ಇಳಿಜಾರಿನಲ್ಲಿ, ಅದೂ ಎರಡೇ ಸಲ.

ಹಾಗಾಗಿ ಪ್ರಶ್ನೆ ಒಂದೇ ಉಳಿಯಿತು. ಒಂದೇ ಚೈನ್‌ವೀಲ್ ಇಟ್ಟರೆ ಅದಕ್ಕೆ ಎಷ್ಟು ಹಲ್ಲಿರಬೇಕು? ಈ ಲೆಕ್ಕವನ್ನು ಅತಿ ವೇಗದ ಕಡೆಯಿಂದ ಶುರುಮಾಡಬಾರದು, ಅತಿ ಕಡಿದಾದ ಏರಿನ ಕಡೆಯಿಂದ ಶುರುಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇಳಿಜಾರಿನಲ್ಲಿ ಗೇರ್ ಸಾಲದಿದ್ದರೆ ತುಳಿಯುವುದನ್ನು ನಿಲ್ಲಿಸಿ ಕೂತರಾಯಿತು, ಸೈಕಲ್ ತಾನೇ ಓಡುತ್ತದೆ. ಏರಿನಲ್ಲಿ ಗೇರ್ ಸಾಲದಿದ್ದರೆ ಇಳಿದು ತಳ್ಳಬೇಕು. ನಮ್ಮ ಸುತ್ತಮುತ್ತ ಇರುವುದು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಕರ್ನಾಟಕದಲ್ಲೇ ಅದಕ್ಕಿಂತ ಎತ್ತರದ ಶಿಖರವಿಲ್ಲ. ಸೀತಾಳಯ್ಯನಗಿರಿಯ ತಿರುವುಗಳಲ್ಲಿ ನನ್ನ ನಲವತ್ತೆಂಟು ವರ್ಷದ ಮೊಣಕಾಲು ಒಪ್ಪುತ್ತಿದ್ದದ್ದು 22ಕ್ಕೆ 34ರ ಗೇರನ್ನು, ಅಂದರೆ 0.647ರ ಅನುಪಾತವನ್ನು. ಹಿಂದೆ 46 ಹಲ್ಲಿನ ಬಿಲ್ಲೆ ಹಾಕಿ ಮುಂದೆ 32 ಇಟ್ಟರೆ 0.696 ಬರುತ್ತದೆ, 30 ಇಟ್ಟರೆ 0.652, ಹಳೆಯದಕ್ಕೆ ಹೆಚ್ಚುಕಡಿಮೆ ಸಮ. ನಿಮಿಷಕ್ಕೆ ಅರುವತ್ತು ಸುತ್ತು ತುಳಿದರೆ ಗಂಟೆಗೆ ಐದು ಕಿಲೋಮೀಟರ್. 32ಕ್ಕೂ 30ಕ್ಕೂ ವ್ಯತ್ಯಾಸ ಗಂಟೆಗೆ ಅರ್ಧ ಕಿಲೋಮೀಟರ್ ಕೂಡ ಇಲ್ಲ ಎಂದು ಕಾಣಬಹುದು, ಆದರೆ ಒಂದು ಗಂಟೆ ಏರುವವನ ಮೊಣಕಾಲಿಗೆ ಅದು ಸಣ್ಣದಲ್ಲ. 30 ಎಂದು ತೀರ್ಮಾನಿಸಿದೆ.

ಹಿಂದೆ 51 ಹಲ್ಲಿನವರೆಗೆ ಹೋಗುವ ಹನ್ನೆರಡು ಗೇರಿನ ಸೆಟ್ಟಿನ ಆಸೆ ಇತ್ತು. ಶಿಮಾನೊ ಕಂಪನಿಯ 10–51 ಕ್ಯಾಸೆಟ್ ಮೈಕ್ರೋ ಸ್ಪ್ಲೈನ್ ಎಂಬ ಬೇರೆ ಬಗೆಯ ಫ್ರೀಹಬ್ಬನ್ನು (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗವನ್ನು) ಕೇಳುತ್ತದೆ, ಅಂದರೆ ಹಿಂದಿನ ಹಬ್ಬನ್ನೂ ಬದಲಿಸಬೇಕಾಗುತ್ತದೆ ಎಂದು ತಿಳಿದು ಅದನ್ನು ಕೈಬಿಟ್ಟೆ. ಅದೇ ಕಂಪನಿಯ ಹತ್ತು ಗೇರಿನ 11–46 ಡಿಯೋರೆ ಕ್ಯಾಸೆಟ್ ನನ್ನ ಹಳೆಯ ಹಬ್ಬಿಗೇ ಕೂರುತ್ತದೆ. (ಈ ದಾರಿಗೆ ಹೋಗುವವರು ಮೊದಲು ತಮ್ಮ ಸೈಕಲ್ಲಿನಲ್ಲಿ ಇರುವುದು ಕ್ಯಾಸೆಟ್ಟೋ, ಹಬ್ಬಿಗೆ ತಿರುಪಿನಂತೆ ಕೂರುವ ಫ್ರೀವೀಲೋ ಎಂದು ನೋಡಿಕೊಳ್ಳಬೇಕು, ನಮ್ಮಲ್ಲಿ ಮಾರಾಟವಾಗುವ ಇಪ್ಪತ್ತೊಂದು ಗೇರಿನ ಸೈಕಲ್ಲುಗಳಲ್ಲಿ ಅನೇಕಕ್ಕೆ ಇರುವುದು ಫ್ರೀವೀಲ್, ಅದರ ಜಾಗದಲ್ಲಿ ಕ್ಯಾಸೆಟ್ ಕೂರುವುದಿಲ್ಲ.) ಹಳೆಯ ಒಂಬತ್ತು ಗೇರಿನ ಶಿಫ್ಟರನ್ನೇ (ಹ್ಯಾಂಡಲಿನಲ್ಲಿ ಗೇರ್ ಬದಲಿಸುವ ಸನ್ನೆಯನ್ನೇ) ಉಳಿಸಿಕೊಳ್ಳಲಾಗಲಿಲ್ಲ, ಏಕೆಂದರೆ ಶಿಮಾನೊ ತನ್ನ ಮೌಂಟನ್ ಬೈಕ್ ಸೆಟ್ಟುಗಳಲ್ಲಿ ಒಂಬತ್ತರಿಂದ ಹತ್ತಕ್ಕೆ ಹೋದಾಗ ಒಂದು ಗೇರಿಗೆ ಕೇಬಲ್ ಎಷ್ಟು ಎಳೆಯಬೇಕೆಂಬ ಅಳತೆಯನ್ನೇ ಬದಲಿಸಿತು. ಶಿಫ್ಟರ್, ಚೈನನ್ನು ಬಿಗಿಯಾಗಿ ಹಿಡಿದಿಡುವ ಕ್ಲಚ್ ಇರುವ ಡಿರೈಲರ್, ಕ್ಯಾಸೆಟ್, ಚೈನ್, 30 ಹಲ್ಲಿನ ಚೈನ್‌ವೀಲ್ ಎಲ್ಲ ಸೇರಿ 15,000 ರೂಪಾಯಿಗೆ ಸ್ವಲ್ಪ ಕಡಿಮೆಯಾಯಿತು. ನನ್ನ ಕ್ರ್ಯಾಂಕಿನಲ್ಲಿ (ಪೆಡಲಿನ ತೋಳಿನಲ್ಲಿ) ಚೈನ್‌ವೀಲನ್ನು ಹಿಡಿದಿಡುವ ನಾಲ್ಕು ಬೋಲ್ಟುಗಳ ವೃತ್ತದ ವ್ಯಾಸ 104 ಮಿ.ಮೀ. ಇದಕ್ಕೆ ಸಾಮಾನ್ಯವಾಗಿ 32 ಹಲ್ಲಿಗಿಂತ ಚಿಕ್ಕದು ಕೂರುವುದಿಲ್ಲ. ಬೋಲ್ಟು ನೇರವಾಗಿ ವೀಲಿನೊಳಕ್ಕೇ ತಿರುಗಿ ಕೂರುವಂತೆ ಮಾಡಿದ 30ರ ಮಾದರಿಯನ್ನು ಹುಡುಕಿ ತರಿಸಬೇಕಾಯಿತು.

ಮೇ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಹಳೆಯ ಚಾಪೆ ಹಾಸಿ ಕೆಲಸಕ್ಕೆ ಕೂತೆ. ರಜೆಗೆ ಬಂದಿದ್ದ ಅಕ್ಕನ ಮಗ ಜೊತೆಗಿದ್ದ. ಚೈನ್ ಕಳಚಿ, ಮುಂದಿನ ಡಿರೈಲರನ್ನೂ ಅದರ ಕೇಬಲ್ಲನ್ನೂ ಎಡಗೈಯ ಶಿಫ್ಟರನ್ನೂ ತೆಗೆದು, ಕ್ರ್ಯಾಂಕ್ ಬಿಚ್ಚಿ, ಮೂರು ಚೈನ್‌ವೀಲ್‌ಗಳನ್ನು ಬೇರ್ಪಡಿಸಿ ಪಕ್ಕಕ್ಕಿಟ್ಟೆವು. ಹೊಸ ಚೈನ್‌ವೀಲನ್ನು ಕೈಗೆ ತೆಗೆದುಕೊಂಡು ತಿರುಗಿಸುತ್ತಿದ್ದ ಹುಡುಗ ಕೇಳಿದ: "ಮಾವ, ಇದ್ರಲ್ಲಿ ಒಂದು ಹಲ್ಲು ದಪ್ಪ, ಒಂದು ಹಲ್ಲು ಸಣ್ಣ ಇದೆ. ಮಾಡೋವಾಗ್ಲೇ ತಪ್ಪಾಗಿದ್ಯಾ?"

ತಪ್ಪಲ್ಲ, ಇಡೀ ವ್ಯವಸ್ಥೆ ನಿಂತಿರುವುದೇ ಅದರ ಮೇಲೆ. ಚೈನಿನ ಕೊಂಡಿಗಳನ್ನು ಮೇಲಿನಿಂದ ನೋಡಿದರೆ ಒಂದು ಕಿರಿದು, ಮುಂದಿನದು ಅಗಲ, ಹೀಗೆ ಸಾಲಾಗಿ ಬರುತ್ತವೆ. ಮೂರು ಚೈನ್‌ವೀಲ್ ಇದ್ದಾಗ ಚೈನ್ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಹಾರಬೇಕಾದ್ದರಿಂದ ಎಲ್ಲ ಹಲ್ಲುಗಳನ್ನೂ ಸಣ್ಣಗೆ ಮಾಡಿರುತ್ತಾರೆ. ಚೈನ್ ಎಲ್ಲಿಗೂ ಹೋಗಬೇಕಿಲ್ಲ ಎಂದಾದ ಮೇಲೆ, ಅಗಲ ಕೊಂಡಿಗೆ ಅಗಲ ಹಲ್ಲು, ಕಿರಿದಾದ ಕೊಂಡಿಗೆ ಕಿರಿದಾದ ಹಲ್ಲು ಕೊಟ್ಟು ಅದನ್ನು ಭದ್ರವಾಗಿ ಹಿಡಿದಿಡಬಹುದು. ಇದಕ್ಕೆ ನ್ಯಾರೋ-ವೈಡ್ ಎನ್ನುತ್ತಾರೆ, ಮತ್ತು ಇದೇ ಕಾರಣಕ್ಕೆ ಇಂಥ ಚೈನ್‌ವೀಲ್‌ಗಳ ಹಲ್ಲಿನ ಸಂಖ್ಯೆ ಯಾವಾಗಲೂ ಸಮಸಂಖ್ಯೆಯೇ. ಹುಡುಗ ಹಲ್ಲುಗಳನ್ನು ಎಣಿಸಿ ಮೂವತ್ತು ಎಂದು ಖಾತ್ರಿ ಮಾಡಿಕೊಂಡ. ದಪ್ಪ ಹಲ್ಲು ಅಗಲ ಕೊಂಡಿಗೇ ಬರುವಂತೆ ಚೈನ್ ಕೂರಿಸಿದವನೂ ಅವನೇ.

ಹೊಸ ಚೈನನ್ನು ಡಿರೈಲರಿನೊಳಗೆ ಪೋಣಿಸದೆ ಮುಂದಿನ 30 ಮತ್ತು ಹಿಂದಿನ 46ರ ಮೇಲೆ ಸುತ್ತಿ, ತುದಿಗಳು ಸೇರುವ ಜಾಗದಿಂದ ಒಂದು ಜೊತೆ ಕೊಂಡಿ ಹೆಚ್ಚಿಗೆ ಬಿಟ್ಟು ಕತ್ತರಿಸಿದೆವು. ಮಧ್ಯಾಹ್ನದ ಊಟಕ್ಕೆ ಏಳುವ ಹೊತ್ತಿಗೆ ಎಲ್ಲವೂ ತನ್ನ ತನ್ನ ಜಾಗದಲ್ಲಿತ್ತು.

ಊಟದ ನಂತರ ಗೇರ್ ಹೊಂದಿಸಲು ಕೂತಾಗ ತೊಂದರೆ ಶುರುವಾಯಿತು. ಚಿಕ್ಕ ನಾಲ್ಕು ಬಿಲ್ಲೆಗಳಲ್ಲಿ ಚೈನ್ ಸದ್ದಿಲ್ಲದೆ ಓಡುತ್ತಿತ್ತು. ನಡುವಿನವುಗಳಲ್ಲಿ ಕಟಕಟ ಸದ್ದು. 46ಕ್ಕೆ ಬಂದರೆ ಡಿರೈಲರಿನ ಮೇಲಿನ ಗಾಲಿ ಬಿಲ್ಲೆಗೇ ಉಜ್ಜುತ್ತಿತ್ತು. ಗಾಲಿಗೂ ದೊಡ್ಡ ಬಿಲ್ಲೆಗೂ ನಡುವಿನ ಅಂತರವನ್ನು ನಿಯಂತ್ರಿಸುವ ಸ್ಕ್ರೂವನ್ನು ಎಷ್ಟು ತಿರುಗಿಸಿದರೂ ಸಾಲಲಿಲ್ಲ. ದೊಡ್ಡ ಬಿಲ್ಲೆಗಳನ್ನು ಸರಿಪಡಿಸಿದರೆ ಚಿಕ್ಕವು ಕೆಡುತ್ತಿದ್ದವು. ಕತ್ತಲಾಗುವವರೆಗೆ ಕೇಬಲ್ ಬಿಗಿ ಮಾಡಿ ಸಡಿಲ ಮಾಡಿ ಸೋತು, ಬೇಸರದಿಂದಲೇ ಕೈ ತೊಳೆದುಕೊಂಡೆ.

ಮರುದಿನ ಪೇಟೆಯ ಹಳೆಯ ಸೈಕಲ್ ಶಾಪಿಗೆ ಒಯ್ದೆ. ಅಂಗಡಿಯ ಹಿರಿಯರು ಜೀವಮಾನವೆಲ್ಲ ಗೇರಿಲ್ಲದ ಸೈಕಲ್ಲುಗಳನ್ನೇ ರಿಪೇರಿ ಮಾಡಿದವರು. ಸೈಕಲ್ಲನ್ನು ಹಗ್ಗಕ್ಕೆ ತೂಗುಹಾಕಿ, ಹಿಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದರು.

"ಇದು ಕೇಬಲ್ಲಿನ ದೋಷ ಅಲ್ಲ ಸಾರ್. ಡಿರೈಲರ್ ಹಿಡ್ಕೊಂಡಿರೋ ಈ ಕಿವಿ ಒಳಗಡೆ ಬಾಗಿದೆ. ಯಾವಾಗ ಬಿದ್ದಿದ್ರಿ?"

"ಹೋದ ವರ್ಷ ಮಳೇಲಿ."

"ಅವತ್ತೇ ಬಾಗಿದೆ. ಹಳೇ ಗೇರು ಸಹಿಸ್ಕೊಂಡಿತ್ತು, ಇದು ಸಹಿಸ್ತಾ ಇಲ್ಲ."

ಅವರು ಕಿವಿ ಎಂದದ್ದು ಡಿರೈಲರ್ ಹ್ಯಾಂಗರ್‌ಗೆ. ಬಿದ್ದಾಗ ಫ್ರೇಮ್ ಉಳಿದು ತಾನು ಬಾಗಲೆಂದೇ ಮೆದುವಾಗಿ ಮಾಡಿದ ಅಲ್ಯೂಮಿನಿಯಂ ತುಂಡು ಅದು. ಒಂಬತ್ತು ಬಿಲ್ಲೆಗಳ ನಡುವೆ ಇದ್ದ ಅಂತರ ಹತ್ತರ ನಡುವೆ ಇರುವುದಿಲ್ಲ, ಜೊತೆಗೆ 46ರ ದೊಡ್ಡ ಬಿಲ್ಲೆ. ಹಾಗಾಗಿ ಹಳೆಯ ಸೊಟ್ಟ ಈಗ ಹೊರಬಿದ್ದಿತ್ತು. ಅದನ್ನು ನೆಟ್ಟಗೆ ಮಾಡಲು ಪ್ರತ್ಯೇಕ ಅಳತೆಯ ಸಾಧನವಿದೆ, ಆ ಅಂಗಡಿಯಲ್ಲಿ ಅದು ಇರಲಿಲ್ಲ. ಹಿರಿಯರು ಡಿರೈಲರ್ ಕಳಚಿ, ಮೂಲೆಯಿಂದ ಒಂದು ಬಿಡಿ ಹಿಂಚಕ್ರ ತಂದು, ಅದರ ಆಕ್ಸಲ್ಲಿನ ತುದಿಯನ್ನು ಹ್ಯಾಂಗರಿನ ತೂತಿಗೆ ಕೈಯಿಂದಲೇ ತಿರುಗಿಸಿದರು. ಎರಡರ ತಿರುಪಿನ ಗೆರೆಯೂ ಹತ್ತು ಮಿ.ಮೀ. ವ್ಯಾಸದ, ಒಂದು ಮಿ.ಮೀ. ಅಂತರದ ಗೆರೆಯೇ; ಅಳತೆಮಾಡಿ ಮಾಡಿದಂತೆ ಕೂತಿತು. ಈಗ ನನ್ನ ಹಿಂಚಕ್ರದ ಪಕ್ಕದಲ್ಲಿ ಇನ್ನೊಂದು ಚಕ್ರ. ಎರಡೂ ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲಬೇಕಿತ್ತು. ಕೆಳಗಡೆ ಅಂತರ ಮೇಲಿನದಕ್ಕಿಂತ ಎರಡು ಬೆರಳಷ್ಟು ಕಡಿಮೆ ಇತ್ತು. ಅವರು ಬಿಡಿ ಚಕ್ರದ ರಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಎಳೆದು, ಬಿಟ್ಟು, ಸ್ಕೇಲಿನಿಂದ ಅಳೆದು, ಮತ್ತೆ ಸ್ವಲ್ಪ ಎಳೆದರು. "ಒಂದೇ ಸಲಕ್ಕೆ ಎಳೆದ್ರೆ ಮುರಿದ್ಹೋಗುತ್ತೆ," ಎಂದರು. ಮೇಲೆ, ಕೆಳಗೆ, ಹಿಂದೆ, ಮುಂದೆ ನಾಲ್ಕೂ ಕಡೆ ಅಂತರ ಒಂದೇ ಆಗಲು ಅರ್ಧ ಗಂಟೆ ಹಿಡಿಯಿತು. ಯಂತ್ರದ ಬಗ್ಗೆ ಅಷ್ಟು ಸ್ವಚ್ಛವಾದ ಆಲೋಚನೆಯನ್ನು ನಾನು ಹತ್ತಿರದಿಂದ ನೋಡಿದ್ದು ಕಡಿಮೆ. ಕೇಳಿದ್ದು 100 ರೂಪಾಯಿ. ನಾನು ಹೆಚ್ಚು ಕೊಡಹೋದರೆ ತೆಗೆದುಕೊಳ್ಳಲಿಲ್ಲ; ಕಳಚಿದ ಮುಂದಿನ ಡಿರೈಲರ್ ಮತ್ತು ಎಡ ಶಿಫ್ಟರ್ ಬೇಕೇ ಎಂದಾಗ ಮಾತ್ರ ಸಂತೋಷದಿಂದ ಒಪ್ಪಿದರು. ಡಿರೈಲರ್ ಮತ್ತೆ ಜೋಡಿಸಿದ ಮೇಲೆ ಹತ್ತು ಗೇರುಗಳೂ ಹತ್ತು ನಿಮಿಷದಲ್ಲಿ ಹೊಂದಿಕೊಂಡವು.

ಆ ವಾರವೇ ಸೀತಾಳಯ್ಯನಗಿರಿಗೆ ಹತ್ತಿದೆ. ಏರಿನಲ್ಲಿ ಹಳೆಯ ಗೇರಿಗೂ ಹೊಸದಕ್ಕೂ ಕಾಲಿಗೆ ವ್ಯತ್ಯಾಸ ತಿಳಿಯಲಿಲ್ಲ, ತಿಳಿಯಬಾರದೆಂದೇ ಲೆಕ್ಕ ಹಾಕಿದ್ದು. ವ್ಯತ್ಯಾಸ ತಿಳಿದದ್ದು ತಿರುವುಗಳಲ್ಲಿ. ಮೊದಲು ಪ್ರತಿ ಕಡಿದಾದ ತಿರುವಿಗೂ ಮುಂಚೆಯೇ, ಮುಂದಿನದನ್ನು ಇಳಿಸಬೇಕೇ, ಇಳಿಸಿದರೆ ಹಿಂದಿನದನ್ನು ಎರಡು ಏರಿಸಬೇಕೇ ಎಂದು ಯೋಚಿಸುತ್ತಿದ್ದೆ. ಈಗ ಬಲಗೈ ಹೆಬ್ಬೆರಳು ಒಂದೇ ದಿಕ್ಕಿನಲ್ಲಿ ಒತ್ತುತ್ತದೆ, ನೋಟ ರಸ್ತೆಯ ಮೇಲೆಯೇ ಇರುತ್ತದೆ. ಕೊರತೆಗಳೂ ಇವೆ. 37ರಿಂದ 46ಕ್ಕೆ ಹೋಗುವ ಕೊನೆಯ ಹೆಜ್ಜೆ ದೊಡ್ಡದು, ತುಳಿತದ ಲಯ ಅಲ್ಲಿ ತಪ್ಪುತ್ತದೆ. ನಿಮಿಷಕ್ಕೆ ತೊಂಬತ್ತು ಸುತ್ತು ತುಳಿದರೂ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 32 ಕಿಲೋಮೀಟರ್ ದಾಟುವುದಿಲ್ಲ. ಮೊದಲು 44 ಕಿಲೋಮೀಟರ್ ವೇಗದವರೆಗೆ ಗೇರ್ ಸಿಗುತ್ತಿತ್ತು. ದಿನವೂ ಹೆದ್ದಾರಿಯಲ್ಲಿ ದೂರ ಹೋಗುವವರಿಗೆ ನಾನು ಈ ಬದಲಾವಣೆಯನ್ನು ಹೇಳಲಾರೆ. ತೂಕ ಇಳಿಯುತ್ತದೆಂಬ ಮಾತನ್ನೂ ಹೆಚ್ಚು ನಂಬಬಾರದು: ಕಳಚಿದ್ದೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ಅರ್ಧ ಕಿಲೋದ ಹತ್ತಿರ ಬಂದಿತ್ತು, ಆದರೆ ದೊಡ್ಡ ಕ್ಯಾಸೆಟ್ ಅದರ ಒಂದು ಪಾಲನ್ನು ಹಿಂದಕ್ಕೆ ಪಡೆಯಿತು.

ನಿಜವಾದ ಪರೀಕ್ಷೆಗೆ ಜುಲೈವರೆಗೆ ಕಾಯಬೇಕಿತ್ತು. ಮೂರು ದಿನ ಬಿಡದೆ ಸುರಿದ ಮಳೆ ಸ್ವಲ್ಪ ಹೊಳವಾದ ಬೆಳಿಗ್ಗೆ ಅದೇ ತೋಟದ ದಾರಿಗೆ ಹೋದೆ. ಮಣ್ಣು ಚೈನಿಗೆ ಮೆತ್ತಿತು, ಡಿರೈಲರಿನ ಕೆಳಗಿನ ಗಾಲಿಗೆ ಮೆತ್ತಿತು, ಟಯರಿಗೂ ಫ್ರೇಮಿಗೂ ನಡುವೆ ಉಂಡೆಗಟ್ಟಿತು. ಎರಡು ಸಲ ಇಳಿದು ಕಡ್ಡಿಯಿಂದ ಕೆರೆಯಬೇಕಾಯಿತು. ಚೈನ್ ಮಾತ್ರ ಮೂವತ್ತು ಹಲ್ಲಿನ ಮೇಲಿಂದ ಕದಲಲಿಲ್ಲ. ಮಳೆಗಾಲ ಮುಗಿದ ಮೇಲೆ ಅಳೆದಾಗ ಚೈನ್ ಸವೆದು ಅರ್ಧ ಶೇಕಡಾ ಉದ್ದವಾಗಿತ್ತು, ದಪ್ಪ ಹಲ್ಲುಗಳ ಅಂಚು ಸ್ವಲ್ಪ ಹೊಳೆಯತೊಡಗಿತ್ತು. ಚೈನ್ ಬದಲಿಸಿದೆ. ಚೈನ್‌ವೀಲ್ ಇನ್ನೊಂದು ಮಳೆಗಾಲ ಬರುತ್ತದೆ.