ನಾಲ್ಕೋ, ಹತ್ತೋ: ಯಾಂಗ್‌ಷುವೊ ಹಳ್ಳಿಯಲ್ಲಿ ಚೀನೀ ಭಾಷೆ ಕಲಿತ ಎಂಟು ವಾರ

ಗ್ವಾಂಗ್‌ಝೌ ನಗರದಿಂದ ಹೊರಟ ಹೈಸ್ಪೀಡ್ ರೈಲು ಒಂದು ಸುರಂಗದಿಂದ ಇನ್ನೊಂದಕ್ಕೆ ನುಗ್ಗುತ್ತ, ಸುಮಾರು ಎರಡೂವರೆ ಗಂಟೆಯಲ್ಲಿ ನನ್ನನ್ನು ಯಾಂಗ್‌ಷುವೊ ನಿಲ್ದಾಣದಲ್ಲಿ ಇಳಿಸಿತು. ನಿಲ್ದಾಣದ ಹೊರಗೆ ಬಂದು ತಲೆ ಎತ್ತಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಯಾಣ. ಶಿರಸಿ ಕಡೆಯವನಾದ ನಾನು ಭೈರವೇಶ್ವರ ಶಿಖರ, ಮೋಹಿನಿ ಶಿಖರಗಳನ್ನು ನೋಡುತ್ತ ಬೆಳೆದವನು. ಕಾಡಿನ ನಡುವೆ ಸುಣ್ಣಕಲ್ಲು ಹಾಗೆ ಎದ್ದು ನಿಲ್ಲುವುದು ನಮ್ಮ ಸೀಮೆಗೆ ಮಾತ್ರ ಸಂದ ಸೊಬಗು ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ಇಲ್ಲಿ ಅಂಥ ಗುಡ್ಡಗಳು ಗದ್ದೆಯ ಬದುವಿನಿಂದಲೇ ನೆಟ್ಟಗೆ ಎದ್ದು, ಒಂದರ ಹಿಂದೆ ಒಂದರಂತೆ ಕಣ್ಣು ಹಾಯುವವರೆಗೂ ನಿಂತಿದ್ದವು. ಒಂದು ಕಾಲದ ಸಮುದ್ರದ ತಳವೇ ಕಲ್ಲಾಗಿ ಮೇಲೆದ್ದು, ಕೋಟ್ಯಂತರ ವರ್ಷಗಳ ಮಳೆನೀರಿಗೆ ಕರಗಿ ಉಳಿದಿರುವ ರೂಪವಿದು. ದಕ್ಷಿಣ ಚೀನಾದ ಸುಣ್ಣಕಲ್ಲಿನ ಈ ನೆಲ ಯುನೆಸ್ಕೊ ಪಟ್ಟಿಗೆ ಸೇರಿದ್ದು 2007ರಲ್ಲಿ, ಗುಯಿಲಿನ್ ಭಾಗ ಅದಕ್ಕೆ ಕೂಡಿಕೊಂಡದ್ದು 2014ರಲ್ಲಿ.

ಯಾಂಗ್‌ಷುವೊ ಎಂಬುದು ಗ್ವಾಂಗ್‌ಶಿ ಪ್ರಾಂತದ ಗುಯಿಲಿನ್ ಆಡಳಿತಕ್ಕೆ ಸೇರಿದ ಒಂದು ತಾಲ್ಲೂಕು. ಪೇಟೆಯ ಪಶ್ಚಿಮ ಬೀದಿಯಲ್ಲಿ ಪ್ರವಾಸಿಗರ ಗದ್ದಲ ಬಹಳ. ಆದರೆ ಅಲ್ಲಿಂದ ಸೈಕಲ್ ಹತ್ತಿ ಯೂಲೋಂಗ್ ನದಿಯ ಗುಂಟ ಹೊರಟರೆ, ಕೆಲವೇ ಹೊತ್ತಿನಲ್ಲಿ ಬಿದಿರು ತೆಪ್ಪಗಳ ಗಳೆ ನೀರಿಗೆ ಬೀಳುವ ಸದ್ದಷ್ಟೇ ಉಳಿಯುತ್ತದೆ. ಸೆಪ್ಟೆಂಬರ್ ಮೊದಲ ವಾರದಿಂದ ಅಕ್ಟೋಬರ್ ಕೊನೆಯವರೆಗೆ ನಾನು ಆ ನದಿಯ ದಂಡೆಯ ಒಂದು ಹಳ್ಳಿಯಲ್ಲಿ ಕೋಣೆ ಬಾಡಿಗೆಗೆ ಹಿಡಿದು, ಬೆಳಗ್ಗೆ ನಾಲ್ಕು ಗಂಟೆ ಪಾಠ, ಮಧ್ಯಾಹ್ನದ ಮೇಲೆ ಸುತ್ತಾಟ ಎಂಬ ಕ್ರಮದಲ್ಲಿ ಕಳೆದೆ. ಬೀಜಿಂಗ್, ಶಾಂಘೈಗಳನ್ನು ಬಿಟ್ಟು ಇಲ್ಲಿಗೇ ಬಂದದ್ದೇಕೆಂದು ಹಲವರು ಕೇಳಿದ್ದಾರೆ. ಹೊಸ ಭಾಷೆಯಲ್ಲಿ ತಡವರಿಸುವವನಿಗೆ ಬೇಕಾದದ್ದು, ಅವನು ವಾಕ್ಯ ಮುಗಿಸುವ ತನಕ ಕಾಯುವಷ್ಟು ಬಿಡುವು ಇರುವ ಜನ. ಅಂಥವರು ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು ಎಂಬುದು ನನ್ನ ನಂಬಿಕೆಯಾಗಿತ್ತು, ಅದು ಹುಸಿಯಾಗಲಿಲ್ಲ.

ಕನ್ನಡಿಗನಿಗೆ ಈ ಭಾಷೆಯಲ್ಲಿ ಒಂದು ಅನುಕೂಲ ಮೊದಲ ದಿನವೇ ಸಿಗುತ್ತದೆ. ರೋಮನ್ ಅಕ್ಷರಗಳ ಪಿನ್‌ಯಿನ್ ಕ್ರಮದಲ್ಲಿ ‘ಬಿ’ ಎಂಬ ಅಕ್ಷರ ಸೂಚಿಸುವುದು ನಮ್ಮ ಬಕಾರವನ್ನಲ್ಲ, ಪಕಾರವನ್ನು. ‘ಪಿ’ ಅಕ್ಷರ ಸೂಚಿಸುವುದು ಉಸಿರು ಬೆರೆತ ಪಕಾರವನ್ನು. ಅಂದರೆ ಅಲ್ಲಿಯ ವ್ಯತ್ಯಾಸ ನಮ್ಮ ಅಲ್ಪಪ್ರಾಣ, ಮಹಾಪ್ರಾಣಗಳದ್ದೇ. ಷ ಮತ್ತು ಶಗಳ ಅಂತರವೂ ಹಾಗೆಯೇ: ನಾಲಿಗೆ ಮಡಿಸಿ ನುಡಿಯಬೇಕಾದ ಧ್ವನಿಗಳನ್ನು ಟ, ಡ, ಷ ಕಲಿತ ನಾಲಿಗೆ ಸುಲಭವಾಗಿ ಹಿಡಿಯುತ್ತದೆ. ಕಷ್ಟವಿರುವುದು ಸ್ವರದ ಏರಿಳಿತದಲ್ಲಿ. ‘ಮಾಯ್’ ಎಂಬುದನ್ನು ತಗ್ಗಿಸಿ ಎತ್ತಿದರೆ ಕೊಳ್ಳುವುದು, ಮೇಲಿಂದ ಕೆಳಕ್ಕೆ ಬೀಳಿಸಿದರೆ ಮಾರುವುದು. ಮೊದಲ ವಾರವಿಡೀ ನಾನು ಅಂಗಡಿಯವರಿಗೆ ಏನನ್ನೋ ಮಾರಲು ಹೊರಟಿದ್ದೆ.

ನನಗೆ ಅತ್ಯಂತ ಪ್ರಿಯವಾದ ಪಾಠ ಎಣಿಕೆಯದು. ಮನುಷ್ಯರನ್ನು ಇಬ್ಬರು, ಮೂವರು ಎಂದೂ ವಸ್ತುಗಳನ್ನು ಎರಡು, ಮೂರು ಎಂದೂ ಎಣಿಸುವ ನಮಗೆ ಎಣಿಕೆಯಲ್ಲಿ ಭೇದ ಮಾಡುವುದು ಹೊಸತಲ್ಲ; ಚೀನೀಯರು ಅದನ್ನು ಬಹಳ ಮುಂದಕ್ಕೆ ಒಯ್ದಿದ್ದಾರೆ. ಉದ್ದಕ್ಕೆ ಚಾಚಿ ಬಳುಕುವುದಕ್ಕೆಲ್ಲ ‘ಥ್ಯಾವ್’ ಎಂಬ ಪದ: ಒಂದು ಥ್ಯಾವ್ ನದಿ, ಒಂದು ಥ್ಯಾವ್ ದಾರಿ, ಒಂದು ಥ್ಯಾವ್ ಮೀನು. ಕದಲದೆ ಭಾರವಾಗಿ ಕುಳಿತಿರುವುದಕ್ಕೆ ‘ತ್ಸುವೊ’: ಬೆಟ್ಟ, ಸೇತುವೆ. ಬೆಂಗಳೂರಿನ ನನ್ನ ಮೇಜಿನ ಮುಂದೆ ಕುಳಿತು ಇದನ್ನು ಉರು ಹೊಡೆಯಲು ಎರಡು ವರ್ಷ ಹೆಣಗಿದ್ದೆ. 1412ರಲ್ಲಿ ಕಟ್ಟಿದ ಯೂಲೋಂಗ್ ಸೇತುವೆಯ ಒಂಟಿ ಕಮಾನಿನ ಮೇಲೆ ಒಂದು ಸಂಜೆ ಕುಳಿತಾಗ, ಕೆಳಗೆ ನದಿ, ನದಿಯ ಪಕ್ಕ ದಾರಿ, ನೀರಿನಲ್ಲಿ ಮೀನು, ಇವೆಲ್ಲ ಒಂದೇ ಬಳುಕಿನವು ಎಂಬುದೂ, ನಾನು ಕುಳಿತ ಕಲ್ಲು ಮತ್ತು ಎದುರಿನ ಗುಡ್ಡ ಬೇರೆ ಜಾತಿಯವು ಎಂಬುದೂ ಕಣ್ಣಿಗೇ ಕಂಡಿತು. ಆಮೇಲೆ ಆ ಪದಗಳನ್ನು ನಾನು ಮರೆತಿಲ್ಲ.

ಊಟದ ವಿಷಯದಲ್ಲಿ ಮಾತ್ರ ಕಷ್ಟಪಟ್ಟೆ. ಗುಯಿಲಿನ್ ಅಕ್ಕಿ ಶಾವಿಗೆ ನಮ್ಮ ಒತ್ತು ಶಾವಿಗೆಯ ಹತ್ತಿರದ ನೆಂಟ. ಹುರಿದ ಕಡಲೆಬೀಜ, ಹುಳಿ ಬರಿಸಿದ ಅಲಸಂದೆ ಕೋಡು ಹಾಕಿ ಕೊಡುತ್ತಾರೆ. ‘ವೋ ಛಿ ಸು’, ನಾನು ಸಸ್ಯಾಹಾರಿ, ಎಂದು ಹೇಳಿ ಮೂರು ದಿನ ನೆಮ್ಮದಿಯಿಂದ ತಿಂದ ಮೇಲೆ, ಮಾಂಸದ ತುಂಡು ತೆಗೆದಿಟ್ಟರೂ ರಸ ಮೂಳೆಯದ್ದೇ ಎಂದು ತಿಳಿಯಿತು. ಅಂದಿನಿಂದ ಕೋಣೆಯಲ್ಲೇ ಅಡುಗೆ ಮಾಡಿಕೊಂಡೆ. ಹಾಗಾಗಿ ಮೂರು ದಿನಕ್ಕೊಮ್ಮೆ ಬೈಷಾ ಸಂತೆಗೆ ಹೋಗುವುದು ಅನಿವಾರ್ಯವಾಯಿತು, ನನ್ನ ನಿಜವಾದ ಪಾಠ ನಡೆದದ್ದೂ ಅಲ್ಲಿಯೇ.

ಸೊಪ್ಪು ಮಾರುವ ಒಬ್ಬ ಹಿರಿಯ ಹೆಂಗಸು ಬಾಗಿಲ ಹತ್ತಿರವೇ ಕೂರುತ್ತಿದ್ದರು. ಅಂಥವರನ್ನು ಚೀನೀಯರು ‘ಆಯಿ’ ಎನ್ನುತ್ತಾರೆ, ಅಂದರೆ ಚಿಕ್ಕಮ್ಮ; ನಮ್ಮ ಮನೆಯಲ್ಲಿ ತಾಯಿಯನ್ನು ಕರೆಯುವುದೂ ಆಯಿ ಎಂದೇ ಆದ್ದರಿಂದ ಆ ಒಂದು ಮಾತು ನನ್ನ ಬಾಯಿಂದ ತಪ್ಪಿಲ್ಲದೆ ಬರುತ್ತಿತ್ತು. ದಂಟು ಟೊಳ್ಳಾಗಿರುವ, ಚೀನೀಯರು ‘ಖಾಲಿ ಹೃದಯದ ಸೊಪ್ಪು’ ಎಂದು ಕರೆಯುವ ಸೊಪ್ಪಿನ ಬೆಲೆ ಕೇಳಿದೆ. ‘ಸಿ’ ಎಂದರು, ದನಿಯನ್ನು ಮೇಲಕ್ಕೆತ್ತಿ. ನಾನು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹತ್ತು ಎಂದು ಒತ್ತಿದೆ. ಹಣ ಬಂದುದನ್ನು ಕೂಗಿ ಹೇಳುವ ಪುಟ್ಟ ಪೆಟ್ಟಿಗೆ, ನಮ್ಮ ಅಂಗಡಿಗಳಲ್ಲಿ ಇರುವಂಥದ್ದೇ, ಹತ್ತು ಯುವಾನ್ ಎಂದು ಸಾರಿತು. ಆಕೆ ಗಾಬರಿಯಿಂದ ಕೈಯಾಡಿಸಿ ನಾಲ್ಕು ಬೆರಳು ತೋರಿಸಿದರು. ಆಮೇಲೆ ಎರಡೂ ತೋರುಬೆರಳುಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟು, ಹತ್ತು ಎಂದರೆ ಇದು ಎಂದು ತೋರಿಸಿ, ಉಳಿದ ಆರು ಯುವಾನಿಗೆ ಇನ್ನೂ ಒಂದು ಕಟ್ಟು ಸೊಪ್ಪು, ಒಂದು ಹಿಡಿ ಹಸಿಮೆಣಸಿನಕಾಯಿ ತುಂಬಿದರು.

ಮರುದಿನ ನನ್ನ ಅಧ್ಯಾಪಕಿ ಇದನ್ನು ಕೇಳಿ ಬಿಡಿಸಿ ಹೇಳಿದರು. ಪಠ್ಯದ ಭಾಷೆಯಲ್ಲಿ ನಾಲ್ಕು ‘ಸಿ’, ದನಿ ಕೆಳಗೆ ಬೀಳುತ್ತದೆ. ಹತ್ತು ‘ಷಿ’, ದನಿ ಏರುತ್ತದೆ. ಈ ಸೀಮೆಯ ಗುಯಿಲ್ಯೂ ಮಾತು ಚೀನೀ ಭಾಷೆಯ ನೈಋತ್ಯದ ಶಾಖೆಗೆ ಸೇರಿದ್ದು, ಅದರಲ್ಲಿ ಷಕಾರವೇ ಇಲ್ಲ. ಅಷ್ಟೇ ಅಲ್ಲ, ನಾಲ್ಕರ ದನಿ ಏರುತ್ತದೆ, ಹತ್ತರದ್ದು ಇಳಿಯುತ್ತದೆ. ನಾನು ಕಷ್ಟಪಟ್ಟು ಕಲಿತದ್ದಕ್ಕೆ ಸರಿಯಾಗಿ ತಿರುಗುಮುರುಗು. ತಮ್ಮ ಅಜ್ಜಿಯೂ ಹಾಗೆಯೇ ಎಣಿಸುವುದೆಂದು ಹೇಳುವಾಗ ಅವರ ಮುಖ ಅರಳಿತ್ತು. ಹಳ್ಳಿಯಲ್ಲಿ ಶುದ್ಧ ಭಾಷೆ ಕಲಿಯಲಾಗದು ಎಂದು ಎಚ್ಚರಿಸುವವರು ಹೇಳುವುದು ಈ ತೊಡಕನ್ನೇ. ಧಾರವಾಡದ ಕನ್ನಡವನ್ನೂ ಕುಂದಾಪುರದ ಕನ್ನಡವನ್ನೂ ಕಿವಿತುಂಬ ಕೇಳಿದ ನಾವು ಇದನ್ನು ಕೊರತೆ ಎನ್ನಬಾರದು. ಪಾಠದ ಭಾಷೆ ಬೆಳಗ್ಗೆ ಸಿಗುತ್ತಿತ್ತು, ಬದುಕಿನ ಭಾಷೆ ಸಂತೆಯಲ್ಲಿ; ಒಂದು ಇನ್ನೊಂದನ್ನು ಕೆಡಿಸಲಿಲ್ಲ.

ಒಂದು ಭಾನುವಾರ ಶಿಂಗ್‌ಪಿಂಗ್‌ಗೆ ಹೋಗಿ, ಎಲ್ಲರಂತೆ ನಾನೂ 20 ಯುವಾನಿನ ನೋಟನ್ನು ಎತ್ತಿ ಹಿಡಿದು, ಅದರಲ್ಲಿ ಅಚ್ಚಾದ ಲೀ ನದಿಯ ಗುಡ್ಡಗಳನ್ನು ಎದುರಿನ ಗುಡ್ಡಗಳೊಂದಿಗೆ ಹೊಂದಿಸಿ ನೋಡಿದೆ. ಅಕ್ಟೋಬರ್ ಬಂದಂತೆ ಗುಯಿಲಿನ್‌ಗೆ ಹೆಸರು ಕೊಟ್ಟ ಗುಯಿ ಮರ ಹೂಬಿಟ್ಟಿತು; ಅಕ್ಕಿ ನುಚ್ಚಿನಷ್ಟು ಸಣ್ಣ ಹಳದಿ ಹೂ, ಪರಿಮಳ ಮಾತ್ರ ಇಡೀ ಓಣಿಗೆ. ‘ಲಿನ್’ ಎಂದರೆ ತೋಪು, ಬರೆಯುವುದು ಎರಡು ಮರಗಳನ್ನು ಅಕ್ಕಪಕ್ಕ ನಿಲ್ಲಿಸಿ.

ಹೊರಡುವ ಮುನ್ನಿನ ಸಂತೆಯಲ್ಲಿ ಆಯಿ ಎಂದಿನಂತೆ ದನಿ ಎತ್ತಿ ‘ಸಿ’ ಎಂದರು. ಬೆರಳು ತೋರಿಸಲಿಲ್ಲ. ನಾನು ನಾಲ್ಕು ಒತ್ತಿದೆ; ಪೆಟ್ಟಿಗೆ ತನ್ನ ಪಠ್ಯದ ದನಿಯಲ್ಲಿ ನಾಲ್ಕು ಎಂದಿತು. ಆಕೆ ಅದರತ್ತ ತಿರುಗಿಯೂ ನೋಡದೆ ಸೊಪ್ಪಿನ ಕಟ್ಟಿನ ನೀರು ಕೊಡವಿ, ನನ್ನ ಚೀಲದೊಳಗೆ ಇಡುತ್ತ, ಊಟ ಆಯಿತೇ ಎಂದು ಕೇಳಿದರು.