ಜೋಳದ ಸೀಮೆಯ ಬಾರ್ನ್‌ಸ್ಟಾರ್ಮರ್ಸ್

ಅಮೆರಿಕನ್ ಫುಟ್‌ಬಾಲ್ ನೋಡುವವರಿಗೆಲ್ಲ ಕರ್ಟ್ ವಾರ್ನರ್ ಕಥೆ ಬಾಯಿಪಾಠ. ರಾತ್ರಿ ಪಾಳಿಯಲ್ಲಿ ಸೂಪರ್‌ಮಾರ್ಕೆಟ್‌ನ ಶೆಲ್ಫ್ ತುಂಬುತ್ತಿದ್ದ ಹುಡುಗ ಅಲ್ಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ. ಇಷ್ಟು ಹೇಳಿ ಮುಗಿಸಿಬಿಡುತ್ತಾರೆ. ಅಂಗಡಿ ಕೆಲಸ 1994ರದ್ದು, ಸೂಪರ್ ಬೌಲ್ ಗೆದ್ದಿದ್ದು 2000ದ ಜನವರಿಯಲ್ಲಿ. ನಡುವೆ ಮೂರು ಸೀಸನ್ ಅವರು ಐಯೋವಾ ಬಾರ್ನ್‌ಸ್ಟಾರ್ಮರ್ಸ್ ಅನ್ನೋ ಸಣ್ಣ ತಂಡಕ್ಕೆ ಆಡಿದ್ದರು. ಅದನ್ನು ಮಾತ್ರ ಎಲ್ಲರೂ ಹಾರಿಸುತ್ತಾರೆ. ನನ್ನ ಅಕ್ಕ-ಭಾವ ಇರುವುದು ಐಯೋವಾ ರಾಜ್ಯದ ವೆಸ್ಟ್ ಡಿಮೋಯ್ನ್‌ನಲ್ಲಿ, ಆ ತಂಡದ ಮನೆ ಅಂಗಳದಿಂದ ಸ್ವಲ್ಪ ದೂರ ಅಷ್ಟೇ. 2019ರ ಜೂನ್‌ನಲ್ಲಿ ಅವರ ಮನೆಗೆ ಹೊರಟಾಗಲೇ ಹೇಳಿದ್ದೆ, ಒಂದು ಮ್ಯಾಚಿಗೆ ಟಿಕೆಟ್ ತೆಗೆದಿಡಿ ಅಂತ.

ಭಾವ ಚಿಕಾಗೊಗೇ ಕಾರು ತಂದಿದ್ದರು. ಇಂಟರ್‌ಸ್ಟೇಟ್ 80 ಹಿಡಿದರೆ ಪಶ್ಚಿಮಕ್ಕೆ ನೆಟ್ಟಗೆ ದಾರಿ. ಮಿಸಿಸಿಪ್ಪಿ ದಾಟಿದರೆ ಐಯೋವಾ. ಆ ವರ್ಷ ಏಪ್ರಿಲ್ ಕೊನೆಗೆ ನದಿಯ ತಾತ್ಕಾಲಿಕ ತಡೆಗೋಡೆ ಒಡೆದು ಡೇವನ್‌ಪೋರ್ಟ್ ಪೇಟೆಯೊಳಗೆ ನೀರು ನುಗ್ಗಿತ್ತು. ವಾಲ್ಕಟ್‌ನಲ್ಲಿ ಕಾಫಿಗೆ ನಿಲ್ಲಿಸಿದೆವು. ಅಲ್ಲಿನ ಐಯೋವಾ 80, ಜಗತ್ತಿನ ಅತಿ ದೊಡ್ಡ ಟ್ರಕ್ ಸ್ಟಾಪ್ ಅಂತ ಬೋರ್ಡ್ ಹಾಕಿಕೊಂಡಿದೆ. ಒಳಗೆ ಕ್ಷೌರದಂಗಡಿ, ಹಲ್ಲಿನ ಡಾಕ್ಟರು, ಸಿನಿಮಾ ಹಾಲ್ ಎಲ್ಲ ಇವೆ. ಕಾಫಿ ಮಾತ್ರ ನೀರು.

ಅಲ್ಲಿಂದ ಮುಂದೆ ಎರಡೂ ಕಡೆ ಮೆಕ್ಕೆಜೋಳ, ಸೋಯಾ. ಮಳೆ ಬಿಡದೆ ಬಿತ್ತನೆ ತಡವಾಗಿ ಪೈರು ಇನ್ನೂ ಮೊಣಕಾಲಿಗೂ ಬಂದಿರಲಿಲ್ಲ. ಭಾವ ದಾವಣಗೆರೆಯವರು, ಮೆಕ್ಕೆಜೋಳ ಕಂಡರೆ ಸುಮ್ಮನಿರುವವರಲ್ಲ. “ನೋಡಪ್ಪಾ, ನಮ್ಮೂರಲ್ಲಿ ಈಗ ಮಳೆ ಬರ್ಲಿ ಅಂತ ಕಾಯ್ತಿರ್ತಾರೆ. ಇಲ್ಲಿಯವ್ರು ಈ ಸಲ ನಿಲ್ಲಲಿ ಅಂತ ಕಾಯ್ದಿದ್ದಾರೆ” ಅಂದರು.

ಡಿಮೋಯ್ನ್‌ಗೆ ನೇರ ಹೋಗದೆ ಉತ್ತರಕ್ಕೆ ತಿರುಗಿ ಸೀಡರ್ ಫಾಲ್ಸ್‌ಗೆ ಹೋದೆವು. ಸುತ್ತು ದಾರಿ ಅಂತ ಭಾವ ಗೊಣಗಿದರು, ಆದರೂ ಸ್ಟೀರಿಂಗ್ ತಿರುಗಿಸಿದರು. ವಾರ್ನರ್ ಓದಿದ ನಾರ್ದರ್ನ್ ಐಯೋವಾ ವಿಶ್ವವಿದ್ಯಾಲಯ ಇರುವುದು ಇಲ್ಲೇ. 1976ರಲ್ಲಿ ಶುರುವಾದ ಯೂನಿ-ಡೋಮ್ ಒಳಗೆ ಫುಟ್‌ಬಾಲ್ ಆಡುತ್ತಾರೆ. ವಾರ್ನರ್ ಇಲ್ಲಿ ವರ್ಷಗಟ್ಟಲೆ ಬೆಂಚು ಕಾದು, ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ (ದಾಳಿಯಲ್ಲಿ ಚೆಂಡು ಎಸೆಯುವ ಮುಖ್ಯ ಆಟಗಾರ) ಆಗಿದ್ದು ಕೊನೆಯ ವರ್ಷ ಮಾತ್ರ. ಕಾಲೇಜು ಹುಡುಗರನ್ನು ತಂಡಗಳು ಆರಿಸಿಕೊಳ್ಳುವ 1994ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ತಂಡ ಶಿಬಿರಕ್ಕೆ ಕರೆದು, ಸೀಸನ್ ಶುರುವಾಗುವ ಮೊದಲೇ ವಾಪಸ್ ಕಳಿಸಿತು. ಅಲ್ಲಿ ಆಗ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್ರ್ ಇದ್ದರು, ಜಾಗ ಎಲ್ಲಿಂದ ಬರಬೇಕು? ವಾಪಸ್ ಬಂದು ಸೀಡರ್ ಫಾಲ್ಸ್‌ನ ಹೈ-ವೀ ಅಂಗಡಿಯಲ್ಲಿ ಗಂಟೆಗೆ 5.50 ಡಾಲರ್‌ಗೆ ಕೆಲಸಕ್ಕೆ ಸೇರಿದರು.

ಹೈ-ವೀ ಐಯೋವಾದವರದ್ದೇ ಅಂಗಡಿ. 1930ರಲ್ಲಿ ಬೀಕನ್ಸ್‌ಫೀಲ್ಡ್ ಅನ್ನೋ ಪುಟ್ಟ ಊರಿನಲ್ಲಿ ಶುರುವಾಗಿದ್ದು. ಅವರು ಕೆಲಸ ಮಾಡಿದ ಅಂಗಡಿ ಯಾವುದು ಅಂತ ಹುಡುಕುತ್ತಾ ಕೂರಲಿಲ್ಲ. ಊರಿನ ಹೈ-ವೀ ಒಂದಕ್ಕೆ ನುಗ್ಗಿದೆವು, ಅಕ್ಕ ಮೊಸರು ತರಲು ಹೇಳಿದ್ದಳು. ಸೀರಿಯಲ್ ಡಬ್ಬಗಳ ಸಾಲಿನಲ್ಲಿ ಒಬ್ಬ ಹುಡುಗ ಕೆಲಸ ಮಾಡುತ್ತಿದ್ದ. ಕಟ್ಟರ್‌ನಿಂದ ರಟ್ಟಿನ ಪೆಟ್ಟಿಗೆ ಸೀಳಿ, ಶೆಲ್ಫ್‌ನಲ್ಲಿದ್ದ ಹಳೆಯ ಡಬ್ಬಗಳನ್ನು ಮುಂದಕ್ಕೆ ಎಳೆದು, ಹೊಸದನ್ನು ಹಿಂದೆ ತುರುಕಿ, ಎಲ್ಲದರ ಮುಖ ಹೊರಗೆ ತಿರುಗಿಸುತ್ತಿದ್ದ. ಒಂದು ಸಾಲಿಗೆ ಒಂದು ನಿಮಿಷವೂ ಆಗಲಿಲ್ಲ. ನಾನು ನಿಂತು ನೋಡೋದನ್ನು ಕಂಡು “ಏನಾದರೂ ಬೇಕಿತ್ತಾ?” ಅಂತ ಕೇಳಿದ. ಮೊಸರು ಎಲ್ಲಿ ಅಂತ ಕೇಳಿ ಜಾಗ ಖಾಲಿ ಮಾಡಿದೆ.

ಡಿಮೋಯ್ನ್ ಇನ್ಶೂರೆನ್ಸ್ ಕಂಪನಿಗಳ ಊರು. ಭಾವನ ಕೆಲಸವೂ ಅದೇ, ಪಾಲಿಸಿ ಲೆಕ್ಕದ ಸಾಫ್ಟ್‌ವೇರ್. ಗುಡ್ಡದ ಮೇಲೆ ಚಿನ್ನದ ಗುಮ್ಮಟದ ಶಾಸನಸಭೆ, ಕೆಳಗೆ ಡಿಮೋಯ್ನ್ ನದಿ. ನದಿ ಪಕ್ಕದಲ್ಲೇ ವೆಟರನ್ಸ್ ಮೆಮೋರಿಯಲ್ ಆಡಿಟೋರಿಯಂ. 1955ರಲ್ಲಿ ಕಟ್ಟಿದ್ದು. ಊರವರ ಬಾಯಲ್ಲಿ ಅದು ‘ದಿ ಬಾರ್ನ್’, ಅಂದರೆ ಕೊಟ್ಟಿಗೆ. ಐಯೋವಾದ ಹೈಸ್ಕೂಲ್ ಹುಡುಗಿಯರು ಒಂದು ಕಡೆಗೆ ಆರು ಜನರಂತೆ ಆಡುತ್ತಿದ್ದ ಬಾಸ್ಕೆಟ್‌ಬಾಲ್‌ಗೆ ಇದು ದಶಕಗಳ ಕಾಲ ಕಿಕ್ಕಿರಿಯುತ್ತಿತ್ತು. ಆ ಆರು ಜನರ ಆಟ 1993ಕ್ಕೆ ನಿಂತಿತು. ಎರಡೇ ವರ್ಷಕ್ಕೆ ಅದೇ ಕಟ್ಟಡಕ್ಕೆ ಬಾರ್ನ್‌ಸ್ಟಾರ್ಮರ್ಸ್ ಬಂತು.

ನಾವು ಹೋದಾಗ ಕಟ್ಟಡ ಇತ್ತು, ಅಂಗಳ ಇರಲಿಲ್ಲ. ಒಳಗನ್ನೆಲ್ಲ ಬದಲಾಯಿಸಿ ಸಮ್ಮೇಳನ ಭವನ ಮಾಡಿಬಿಟ್ಟಿದ್ದಾರೆ. ನೆಲಕ್ಕೆ ಕಾರ್ಪೆಟ್, ಗೋಡೆಗೆ ಪ್ರೊಜೆಕ್ಟರ್ ಪರದೆ. ಅವತ್ತು ಯಾವುದೋ ಕಂಪನಿಯ ಸಭೆ ನಡೆದು, ಕತ್ತಿಗೆ ಬ್ಯಾಡ್ಜ್ ಹಾಕಿಕೊಂಡವರು ಊಟಕ್ಕೆ ಸಾಲು ನಿಂತಿದ್ದರು. ವಾರ್ನರ್ ಚೆಂಡು ಎಸೆದಿದ್ದು ಎಲ್ಲಿ ನಿಂತು ಅಂತ ಊಹಿಸೋಕೂ ಆಗಲಿಲ್ಲ.

ಈ ತಂಡದ ಹುಟ್ಟಿಗೆ ಕಾರಣ ಜಿಮ್ ಫಾಸ್ಟರ್. 1981ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್ ಪಂದ್ಯ ನೋಡುತ್ತಾ ಕೂತಿದ್ದಾಗ, ಫುಟ್‌ಬಾಲನ್ನೂ ಹೀಗೆ ಒಳಗೆ ಆಡಿಸಬಹುದಲ್ಲ ಅನ್ನಿಸಿತಂತೆ. ಕೈಯಲ್ಲಿದ್ದ ಕಂದು ಲಕೋಟೆ ಮೇಲೆ ಅಂಗಳದ ಚಿತ್ರ ಗೀಚಿದರು. 1987ರಲ್ಲಿ ನಾಲ್ಕು ತಂಡಗಳ ಅರೀನಾ ಫುಟ್‌ಬಾಲ್ ಲೀಗ್, ಅಂದರೆ ಎಎಫ್‌ಎಲ್ ಶುರುವಾಯಿತು. 1990ರಲ್ಲಿ ಆಟಕ್ಕೇ ಪೇಟೆಂಟ್ ಸಿಕ್ಕಿತು. ಲೀಗ್ ಕಟ್ಟಿದ ಮೇಲೆ 1995ರಲ್ಲಿ ಐಯೋವಾಕ್ಕೆ ಬಂದು ಸ್ವಂತದ್ದೊಂದು ತಂಡ ಮಾಡಿದರು. 1920ರ ದಶಕದಲ್ಲಿ ಹಳ್ಳಿ ಹಳ್ಳಿಗೆ ವಿಮಾನ ತಂದು ಹೊಲದ ಮೇಲೆ ಪಲ್ಟಿ ಹೊಡೆಯುತ್ತಿದ್ದ ಸಾಹಸಿ ಪೈಲಟ್‌ಗಳ ಹೆಸರು ಅದಕ್ಕೆ. ಹೆಲ್ಮೆಟ್ ಮೇಲೆ ಪೈಲಟ್‌ನ ದೊಡ್ಡ ಕನ್ನಡಕದ ಚಿತ್ರ. ನನ್ನ ಮಟ್ಟಿಗೆ ಅಮೆರಿಕದ ಯಾವ ದೊಡ್ಡ ತಂಡಕ್ಕೂ ಇಷ್ಟು ಚೆಂದದ ಹೆಲ್ಮೆಟ್ ಇಲ್ಲ.

ಆಟ ಹೇಗಪ್ಪಾ ಅಂದ್ರೆ, ನೂರು ಗಜದ ಅಂಗಳ ಇಲ್ಲಿ ಐವತ್ತೇ ಗಜ, ಐಸ್ ಹಾಕಿ ರಿಂಕಿನ ಜಾಗ. ಹನ್ನೊಂದು ಜನರ ಬದಲು ಎಂಟು. ಸುತ್ತ ಸ್ಪಂಜು ಹೊದಿಸಿದ ಗೋಡೆ. ಫಾಸ್ಟರ್ ಲೀಗ್‌ನಲ್ಲಿ ಗೋಲ್‌ಪೋಸ್ಟಿನ ಎರಡೂ ಪಕ್ಕ ಬಿಗಿಯಾದ ಬಲೆ ಇರುತ್ತಿತ್ತು. ಚೆಂಡು ಅದಕ್ಕೆ ಬಡಿದು ವಾಪಸ್ ಬಂದರೆ ಆಟ ನಿಲ್ಲುವಂತಿಲ್ಲ, ಯಾರು ಬೇಕಾದರೂ ಹಿಡಿಯಬಹುದು. ನಮ್ಮ ಗಲ್ಲಿ ಕ್ರಿಕೆಟ್‌ನಲ್ಲಿ ಪಕ್ಕದ ಮನೆ ಗೋಡೆಗೆ ಬಡಿದು ಬಂದ ಚೆಂಡು ಹಿಡಿದರೂ ಔಟ್ ಅಲ್ವಾ, ಅದೇ ಲೆಕ್ಕ. ಆಗಿನ ನಿಯಮದಲ್ಲಿ ಹೆಚ್ಚಿನ ಆಟಗಾರರು ದಾಳಿಗೂ ರಕ್ಷಣೆಗೂ ಇಳಿಯಬೇಕಿತ್ತು. ಚೆಂಡು ಪ್ರೇಕ್ಷಕರ ಮಧ್ಯೆ ಬಿದ್ದರೆ ಸಿಕ್ಕವರು ಮನೆಗೆ ಒಯ್ಯಬಹುದಿತ್ತು.

ಇಷ್ಟು ಸಣ್ಣ ಜಾಗದಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಯೋಚಿಸಲು ಸಮಯವೇ ಇಲ್ಲ. ಕೈಗೆ ಚೆಂಡು ಬಂದ ಕೂಡಲೇ ಯಾರು ಖಾಲಿ ಇದ್ದಾರೆ ಅಂತ ಕಂಡು ಎಸೆದುಬಿಡಬೇಕು. ಕೋಚ್ ಜಾನ್ ಗ್ರೆಗರಿ ಕೈಕೆಳಗೆ ವಾರ್ನರ್ ಮೂರು ಸೀಸನ್ ಮಾಡಿದ್ದು ಇದನ್ನೇ. ಒಟ್ಟು 183 ಟಚ್‌ಡೌನ್ ಪಾಸ್, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ತಂದ ಎಸೆತ. 1999ರಲ್ಲಿ ಎನ್‌ಎಫ್‌ಎಲ್ ತಂಡ ಸೇಂಟ್ ಲೂಯಿಸ್ ರ‍್ಯಾಮ್ಸ್‌ನ ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಮೊಣಕಾಲು ಕೆಡಿಸಿಕೊಂಡಾಗ ವಾರ್ನರ್ ಒಳಗೆ ಬಂದು 41 ಟಚ್‌ಡೌನ್ ಎಸೆದರು. ಇಡೀ ದೇಶ ಬಾಯಿ ಬಿಟ್ಟು ನೋಡಿತು. ಎಲ್ಲಿದ್ದ ಇವನು ಅಂತ ಕೇಳಿದರು. ಡಿಮೋಯ್ನ್‌ನವರು ಯಾರೂ ಹಾಗೆ ಕೇಳಿರಲಿಕ್ಕಿಲ್ಲ. ಇದನ್ನು ಪವಾಡ ಅಂತಾರೆ, ನನಗೆ ಅದು ಒಪ್ಪಿಗೆಯಿಲ್ಲ. ಶೆಲ್ಫ್ ತುಂಬಿ ಯಾರೂ ಕ್ವಾರ್ಟರ್‌ಬ್ಯಾಕ್ ಆಗೋದಿಲ್ಲ. ಆ ವೇಗ ಕಲಿತದ್ದು ಈ ಬಾರ್ನ್‌ನಲ್ಲೇ.

ಅಷ್ಟು ಒಳ್ಳೆಯ ತಂಡ ಇದ್ದೂ ಕಪ್ ಬರಲಿಲ್ಲ. 1996ರಲ್ಲಿ 14 ಪಂದ್ಯಗಳಲ್ಲಿ 12 ಗೆದ್ದು ಫೈನಲ್ ಇದೇ ಕಟ್ಟಡದಲ್ಲಿ ಆಡಿದರು. ಟ್ಯಾಂಪಾ ಬೇ ಸ್ಟಾರ್ಮ್ 42, ಐಯೋವಾ 38. ಮರುವರ್ಷ ಫೀನಿಕ್ಸ್‌ನಲ್ಲಿ ಅರಿಝೋನಾ ರ‍್ಯಾಟ್ಲರ್ಸ್ 55-33ರಿಂದ ಹೊಡೆದು ಹಾಕಿತು. ಆಮೇಲೆ ವಾರ್ನರ್‌ರನ್ನು ಎನ್‌ಎಫ್‌ಎಲ್‌ನ ಚಿಕಾಗೊ ಬೇರ್ಸ್ ಪರೀಕ್ಷೆಗೆ ಕರೆಯಿತು. ಮಧುಚಂದ್ರಕ್ಕೆ ಹೋದಲ್ಲಿ ಜೇಡವೋ ಏನೋ ಕಚ್ಚಿ ಎಸೆಯುವ ಕೈಯ ಮೊಣಕೈ ಊದಿಕೊಂಡು ಅದೂ ತಪ್ಪಿತು. ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್‌ನ ತಂಡ, ಆಮೇಲೆ ಸೇಂಟ್ ಲೂಯಿಸ್.

ತಂಡದ ಪಾಡು ಅದಕ್ಕಿಂತ ಕಷ್ಟದ್ದು. 2000ದ ಸೀಸನ್ ಮುಗಿದ ಮೇಲೆ ನ್ಯೂಯಾರ್ಕ್ ಐಲ್ಯಾಂಡರ್ಸ್ ಅನ್ನೋ ಐಸ್ ಹಾಕಿ ತಂಡದ ಮಾಲೀಕ ಚಾರ್ಲ್ಸ್ ವಾಂಗ್‌ಗೆ ಹೋಯಿತು. ಮರುವರ್ಷ ಅದೇ ತಂಡ ಲಾಂಗ್ ಐಲೆಂಡ್‌ನಲ್ಲಿ ನ್ಯೂಯಾರ್ಕ್ ಡ್ರ್ಯಾಗನ್ಸ್ ಅಂತ ಆಡಿತು. ಡಿಮೋಯ್ನ್‌ಗೆ ಉಳಿದಿದ್ದು ಹೆಸರು ಮಾತ್ರ. ಆ ಹೆಸರಿನಲ್ಲಿ ಕೆಳಗಿನ ದರ್ಜೆಯ ಎಎಫ್2 ಲೀಗ್‌ನಲ್ಲಿ ಒಂದು ವರ್ಷ ಆಡಿಸಿ ನೋಡಿದರು, ನಿಂತುಹೋಯಿತು. ಇದೇ ನೋಡಿ ಸಣ್ಣ ಲೀಗ್‌ಗಳ ಹಣೆಬರಹ. ದುಡ್ಡಿದ್ದವರು ಬಂದು ಒಯ್ದರೆ ಊರು ಕೈಕಟ್ಟಿ ನೋಡಬೇಕು. 2008ರಲ್ಲಿ ಮತ್ತೆ ಎಎಫ್2ನಲ್ಲಿ ಎದ್ದು ಬಂತು, ಈ ಸಲ ಪಕ್ಕದಲ್ಲೇ ಕಟ್ಟಿದ್ದ ವೆಲ್ಸ್ ಫಾರ್ಗೋ ಅರೀನಾದಲ್ಲಿ. 2010ರಲ್ಲಿ ಎಎಫ್‌ಎಲ್‌ಗೆ ಹತ್ತಿತು, 2015ರಲ್ಲಿ ಇಂಡೋರ್ ಫುಟ್‌ಬಾಲ್ ಲೀಗ್, ಐಎಫ್‌ಎಲ್‌ಗೆ ಹೋಯಿತು. 2018ರಲ್ಲಿ ಸೂ ಫಾಲ್ಸ್ ಸ್ಟಾರ್ಮ್ ವಿರುದ್ಧ 69-68ರಿಂದ ಗೆದ್ದು ಕೊನೆಗೂ ಒಂದು ಕಪ್ ತಂದಿತು. ಒಂದೇ ಪಾಯಿಂಟ್!

ಶನಿವಾರ ಸಂಜೆ ಅಕ್ಕನೂ ಬಂದಳು. ಎದುರಾಳಿ ಪಕ್ಕದ ರಾಜ್ಯದ ತಂಡ. ದೊಡ್ಡ ಅರೀನಾ, ಮೇಲಿನ ಸೀಟುಗಳಿಗೆಲ್ಲ ಕಪ್ಪು ಪರದೆ. ಕೆಳಗಡೆ ಮಾತ್ರ ಜನ, ಮಕ್ಕಳೇ ಜಾಸ್ತಿ. ನಮ್ಮ ಸೀಟು ಗೋಡೆಯಿಂದ ಎರಡನೇ ಸಾಲು. ಮೊದಲ ಕ್ವಾರ್ಟರ್‌ನಲ್ಲೇ ಒಬ್ಬ ರಿಸೀವರ್ ಚೆಂಡು ಹಿಡಿದ ರಭಸಕ್ಕೆ ಗೋಡೆ ಮೇಲೆ ಮಡಚಿ ಬಿದ್ದ. ಅವನ ಹೆಲ್ಮೆಟ್ ಮುಂದಿನ ಸಾಲಿನವರ ಪಾಪ್‌ಕಾರ್ನ್ ತಟ್ಟೆಗೆ ತಾಗಿ ಅರ್ಧ ನಮ್ಮ ಮೇಲೆ ಚೆಲ್ಲಿತು. ಅವನು ತಲೆ ಎತ್ತಿ “ಸಾರಿ ಮ್ಯಾಮ್” ಅಂತ ಅಕ್ಕನಿಗೆ ಹೇಳಿ ಓಡಿದ. ಅಲ್ಲಿಯವರೆಗೆ ಫೋನ್ ನೋಡುತ್ತಿದ್ದ ಅಕ್ಕ ಆಮೇಲೆ ಫೋನ್ ಮುಟ್ಟಲಿಲ್ಲ.

ಐಎಫ್‌ಎಲ್‌ನಲ್ಲಿ ಆ ಬಲೆಗಳಿಲ್ಲ, ನನಗೆ ಸ್ವಲ್ಪ ಬೇಜಾರೇ ಆಯಿತು. ಚೆಂಡು ಗೋಡೆ ದಾಟಿ ಹೋದರೆ ಮುಗಿಯಿತು. ಆಟದ ಓಟ ಮಾತ್ರ ಅದೇ. ಅಂಕ ಅಷ್ಟು ಬೇಗ ಏರುತ್ತದೆ, ಭಾವ ಕಾಫಿ ತರಲು ಹೋಗಿ ಬರುವಷ್ಟರಲ್ಲಿ ಎರಡು ಟಚ್‌ಡೌನ್ ಆಗಿತ್ತು.

ಪಕ್ಕದ ಸೀಟಿನಲ್ಲಿ ಎಪ್ಪತ್ತು ದಾಟಿದ ಅಜ್ಜ, ಬಣ್ಣ ಮಾಸಿದ ಹಳೆಯ ಜೆರ್ಸಿ. 1995ರಿಂದ ನೋಡುತ್ತಿದ್ದಾರಂತೆ. ವಾರ್ನರ್ ಬಗ್ಗೆ ಕೇಳಿದೆ. ಒಳ್ಳೆಯ ಹುಡುಗ ಅಂದರು, ಅಷ್ಟೇ. 1996ರ ಫೈನಲ್ ಬಗ್ಗೆ ಕೇಳಿದ್ದೇ ತಡ, ಸೀಟಿನಲ್ಲಿ ನನ್ನ ಕಡೆಗೆ ತಿರುಗಿ ಕೂತರು. ಯಾವ ಮೂಲೆಯಲ್ಲಿ ಕೂತಿದ್ದೆ, ಒಳಗೆ ಸೆಕೆ ಎಷ್ಟಿತ್ತು, ಕೊನೆಗೆ ಜನ ಎದ್ದು ಹೋಗದೆ ಹೇಗೆ ಕೂತಿದ್ದರು, ಎಲ್ಲ ಹೇಳಿದರು. ಎದುರಿಗೆ ನಡೆಯುತ್ತಿದ್ದ ಒಂದು ಟಚ್‌ಡೌನ್ ಇಬ್ಬರಿಗೂ ತಪ್ಪಿತು. “ನಾಲ್ಕು ಪಾಯಿಂಟ್” ಅಂತ ನಾಲ್ಕು ಬೆರಳು ತೋರಿಸಿದರು. ಹಿಂದಿನ ವರ್ಷದ ಕಪ್ ಬಗ್ಗೆ ಕೇಳಿದರೆ, ಅದೂ ಸರಿ, ಆದರೆ ಅದು ಬಾರ್ನ್‌ನಲ್ಲಿ ಬಂದಿದ್ದಲ್ಲವಲ್ಲ ಅಂದರು.

ಪಂದ್ಯ ಮುಗಿದ ಮೇಲೆ ಗೋಡೆಯ ಬಾಗಿಲು ತೆಗೆದು ಎಲ್ಲರನ್ನೂ ಅಂಗಳಕ್ಕೆ ಬಿಟ್ಟರು. ಮಕ್ಕಳು ಓಡಿ ಆಟಗಾರರ ಹತ್ತಿರ ಸಹಿ ಹಾಕಿಸಿಕೊಂಡರು. ನಮ್ಮ ಮೇಲೆ ಬಿದ್ದ ರಿಸೀವರ್ ಅಲ್ಲೇ ನಿಂತಿದ್ದ, ಕೈಗೆ ಐಸ್ ಕಟ್ಟಿಕೊಂಡು. ಅಕ್ಕ ಹೋಗಿ ಪಾಪ್‌ಕಾರ್ನ್ ನಷ್ಟ ಯಾರು ಕೊಡ್ತಾರೆ ಅಂತ ಕೇಳಿದಳು. ಅವನು ನಕ್ಕು ಟಿಕೆಟ್ ಮೇಲೆ ಸಹಿ ಹಾಕಿ ಕೊಟ್ಟ. ಸೋಮವಾರ ಬೇರೆ ಕೆಲಸಕ್ಕೂ ಹೋಗಬೇಕು ಅಂದ.

ಆ ವರ್ಷದ ನವೆಂಬರ್‌ನಲ್ಲಿ ಫಾಸ್ಟರ್ ಹುಟ್ಟುಹಾಕಿದ ಎಎಫ್‌ಎಲ್ ದಿವಾಳಿ ಎದ್ದಿತು. ಐಎಫ್‌ಎಲ್‌ಗೆ ದಾಟಿದ್ದ ಬಾರ್ನ್‌ಸ್ಟಾರ್ಮರ್ಸ್ ಅದರಿಂದ ಬಚಾವ್. ಅಕ್ಕನ ಒತ್ತಾಯಕ್ಕೆ ಭಾವ 2020ಕ್ಕೆ ಸೀಸನ್ ಟಿಕೆಟ್ಟೇ ತೆಗೆದುಕೊಂಡರು, ಗೋಡೆಯ ಪಕ್ಕದ ಮೊದಲ ಸಾಲು. ಮಾರ್ಚ್‌ನಲ್ಲಿ ಕೊರೊನಾ ಬಂದು ಐಎಫ್‌ಎಲ್ ಆ ಸೀಸನ್ ರದ್ದು ಮಾಡಿತು.